ಅಂಗೈಯಲ್ಲಿ ಹಾಡು ಕೇಳುತ್ತಿದ್ದ ಮಹದೇವಣ್ಣ

ಮಹದೇವಣ್ಣ ಹಾಡನ್ನು ಕಿವಿಯಿಂದ ಕೇಳುತ್ತಿರಲಿಲ್ಲ, ಅಂಗೈಯಿಂದ ಕೇಳುತ್ತಿದ್ದರು. ಕಾರಿನ ಡಿಕ್ಕಿಯ ಮೇಲೆ ಬಲಗೈ ಊರಿ, ಕಣ್ಣು ಮುಚ್ಚಿ, ನಾಡಿ ನೋಡುವ ಪಂಡಿತರ ಹಾಗೆ ನಿಂತುಬಿಡುತ್ತಿದ್ದರು. ಆಮೇಲೆ, "ಇಲ್ಲೆಲ್ಲೋ ಒಂದ್ ಸ್ಕ್ರೂ ಅಳ್ತಾ ಅದೆ ಕಣಮ್ಮ" ಅನ್ನುತ್ತಿದ್ದರು. ಹುಡುಕಿದರೆ ಸಡಿಲವಾದ ಸ್ಕ್ರೂ ಸಿಕ್ಕೇ ಸಿಗುತ್ತಿತ್ತು.

ಕತ್ರಿಗುಪ್ಪೆಯಲ್ಲಿ ನಮ್ಮ ಬಾಡಿಗೆ ಮನೆಗೂ ಅವರ ಶೆಡ್ಡಿಗೂ ಒಂದೇ ಗೋಡೆ. ಈ ಕಡೆ ನನ್ನ ದೇವರ ಮನೆ, ಆ ಕಡೆ ಅವರು ಕಾರುಗಳಿಗೆ ಸ್ಪೀಕರ್ ಕೂರಿಸುವ ಜಾಗ. ಎರಡಕ್ಕೂ ಓನರ್ ಒಬ್ಬರೇ. ಮಹದೇವಣ್ಣ ನಂಜನಗೂಡಿನ ಕಡೆಯವರು, ಐವತ್ತು ದಾಟಿದ ಒಣಕಲು ಮನುಷ್ಯ. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಪ್ಲೈವುಡ್ ಪುಡಿಯ ಜೊತೆ ಕಲೆತು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ನಾವು ಹಾಲುಕ್ಕಿಸಿದ ದಿನವೇ ಗೇಟಿನ ಹತ್ತಿರ ಬಂದು ನಿಂತಿದ್ದರು. "ಪೂಜೆ ಎಷ್ಟೊತ್ಗೆ ಅಮ್ಮ?"

ಒಂಬತ್ತರೊಳಗೆ ಮುಗಿಯುತ್ತೆ ಅಂದೆ.

"ಸರಿ ಬುಡಿ. ನಿಮ್ ಮಂಗಳಾರತಿ ಗಂಟೆ ಕೇಳಗಂಟ ನಾನು ಸ್ವಿಚ್ ಮುಟ್ಟಾಕಿಲ್ಲ."

ನಾಲ್ಕು ವರ್ಷ ಆ ಮಾತು ಉಳಿಸಿಕೊಂಡರು. ಪೂಜೆ ಮುಗಿದ ಮೇಲೆ ಬೆರಳ ಗೆಣ್ಣಿನ ಮೇಲೆ ದೇವರ ಉಪಕಾರ ಎಣಿಸುವುದು ನನಗೆ ಅಭ್ಯಾಸ. ಹಾಲು ಒಡೆಯಲಿಲ್ಲ, ಕಾವೇರಿ ನೀರು ಬಂತು, ಯಜಮಾನರ ಬಿಪಿ ಏರಲಿಲ್ಲ. ಹೀಗೆ ಚಿಕ್ಕ ಚಿಕ್ಕದು. ಪಕ್ಕದ ಶೆಡ್ಡು ಸುಮ್ಮನಿತ್ತು ಅನ್ನುವುದನ್ನು ಮಾತ್ರ ಒಂದು ದಿನವೂ ಎಣಿಸಿದವಳಲ್ಲ.

ಹೋದ ವರ್ಷ ಶ್ರಾವಣಕ್ಕೆ ಮೊದಲು ಅವರ ಶೆಡ್ಡಿಗೆ ಒಂದು ಕೆಂಪು ಕಾರು ಬಂತು. ತಲೆಯ ಮೇಲಿನ ಹೊದಿಕೆ ಮಡಿಚಿಕೊಂಡು ಹಿಂದಕ್ಕೆ ಹೋಗುವ ಜಾತಿಯದು. ಬೀದಿಯ ಜನವೆಲ್ಲ ಬಂದು ನೋಡಿದರು. ನಾನೂ ಕಾಫಿ ಕೊಡುವ ನೆಪದಲ್ಲಿ ಹೋಗಿ ನೋಡಿದೆ.

"ಚೆಂದಾಗೇನೋ ಅದೆ, ಆದ್ರೆ ಇದ್ರ ಸಂಕಟ ನೋಡಿ," ಅಂತ ಹಿಂದಿನ ಸೀಟಿನ ಬೆನ್ನಿಗಿದ್ದ ಹಲಗೆ ತಟ್ಟಿ ತೋರಿಸಿದರು. "ವೂಫರ್, ಅದೇ ದಪ್ಪ ಸದ್ದಿನ ಸ್ಪೀಕರು, ಇರಾದು ಡಿಕ್ಕಿ ಒಳಗೆ. ಮಧ್ಯ ಈ ಹಲಗೆ ಗೋಡೆ ಹಾಕ್ದಂಗೆ ಕೂತದೆ. ಟಾಪ್ ತೆಗೆದು ಓಡ್ಸಿದ್ರೆ ಹಾಡು ಗಾಳೀಗೆ ಹೋಯ್ತದೆ, ಬಾಸು, ಆ ಗುಂ ಗುಂ ಸದ್ದು, ಡಿಕ್ಕೀಲೇ ಕೊಳೀತದೆ. ಬಾಸ್ ಅಂದ್ರೆ ನೆಂಟ ಇದ್ದಂಗೆ ಕಣಮ್ಮ. ಬಾಗ್ಲು ತೆಗೆದ್ರೆ ಬಂದು ಮರ್ಯಾದೆಯಾಗಿ ಕೂತ್ಕತದೆ. ತೆಗೀದಿದ್ರೆ ಗೋಡೆ ಬಡೀತದೆ."

ಹಲಗೆ ಕೊಯ್ದು ದಾರಿ ಮಾಡಬೇಕು, ಆದರೆ ಎಲ್ಲಿ ಕೊಯ್ಯಬೇಕೆಂದು ಕೈಗೆ ಇನ್ನೂ ತಿಳಿದಿಲ್ಲ ಅಂದರು. ಅದಕ್ಕಾಗಿ ಎರಡು ವಾರ ಡಿಕ್ಕಿ ಮುಚ್ಚಿ, ಷಟರ್ ಎಳೆದು, ಹಾಡೂ ಇಲ್ಲದ, ಹೊರಗೆ ಕಿವಿಗೂ ಬೀಳದ ಬರೀ ಗುಂಯ್ ಅನ್ನುವ ತಗ್ಗಿನ ಸದ್ದು ಹಾಕಿಕೊಂಡು ಅಂಗೈ ಇಟ್ಟು ನೋಡಿದರು.

ಆ ಎರಡು ವಾರದಲ್ಲೇ ನನ್ನ ದೇವರ ಮನೆಯ ಗಂಟೆ ತಾನಾಗಿ ಬಾರಿಸಿದ್ದು.

ಶೆಡ್ಡಿನ ಕಡೆಯ ಆ ಗೋಡೆಯ ಮೊಳೆಯಲ್ಲಿ ಒಂದೇ ಸರಪಳಿಗೆ ಎರಡು ಪುಟ್ಟ ಗಂಟೆ ತೂಗುಹಾಕಿದ್ದೆ. ಮಂಗಳಾರತಿ ಮುಗಿಸಿ, ಕೈಗಂಟೆ ಕೆಳಗಿಟ್ಟು, ನಮಸ್ಕಾರಕ್ಕೆ ಬಗ್ಗಿದ್ದೆ. ತಲೆಯ ಮೇಲೆ ಕಿಣಿ ಕಿಣಿ. ನೋಡಿದರೆ ಯಾರೂ ಮುಟ್ಟಿಲ್ಲ, ಗಾಳಿಯಿಲ್ಲ. ಅಂಗಾಲಲ್ಲಿ ಸಣ್ಣ ನಡುಕ. ಭಕ್ತಿ ಅಂದುಕೊಂಡೆ. ಮರುದಿನವೂ ಬಾರಿಸಿತು, ಅದರ ಮರುದಿನವೂ. ಸರಿಯಾಗಿ ನಮಸ್ಕಾರದ ಹೊತ್ತಿಗೆ.

ಸುಮ್ಮನಿರಬಹುದಿತ್ತು. ಇರಲಿಲ್ಲ. ನಮ್ಮ ಭಜನೆ ಮಂಡಳಿಯ ಸರೋಜಮ್ಮನಿಗೆ ಹೇಳಿದೆ, ಸರೋಜಮ್ಮ ಊರಿಗೆಲ್ಲ ಹೇಳಿದರು. ಶುಕ್ರವಾರ ಹನ್ನೊಂದು ಜನ ಬಂದರು. ಗಂಟೆ ಬಾರಿಸಿತು. ಒಬ್ಬರು ಅತ್ತರು. ನನಗಿಂತ ಹತ್ತು ವರ್ಷ ದೊಡ್ಡವರಾದ ಸರೋಜಮ್ಮ ಬಗ್ಗಿ ನನ್ನ ಕಾಲು ಮುಟ್ಟಿದರು. ಕಾಲು ಹಿಂದಕ್ಕೆ ಎಳೆದುಕೊಂಡೆ, ಆದರೆ ಸ್ವಲ್ಪ ತಡವಾಗಿ ಎಳೆದುಕೊಂಡೆ. ಅದು ನನಗೊಬ್ಬಳಿಗೇ ಗೊತ್ತು.

ಸುದ್ದಿ ಕಿವಿಗೆ ಬಿದ್ದು ಮಾರನೆಯ ದಿನ ಮಹದೇವಣ್ಣ ಬಂದರು. "ಬೇಜಾರ್ ಮಾಡ್ಕಬೇಡಿ ಅಮ್ಮ. ನೀವು ಒಳಗೆ ಗಂಟೆ ಹತ್ರ ನಿಂತ್ಕಳಿ. ನಾನು ಆ ಕಡೆಯಿಂದ ಮೂರು ಸಲ ಬಾಸು ಹಾಕ್ತೀನಿ, ನಿಲ್ಸಿ ನಿಲ್ಸಿ."

ನಿಂತೆ. ಗಂಟೆ ಮೂರು ಸಲ ಬಾರಿಸಿತು, ನಿಲ್ಲಿಸಿ ನಿಲ್ಲಿಸಿ. ನನ್ನ ಪೂಜೆ ಕೆಡಬಾರದೆಂದು ಮಂಗಳಾರತಿ ಮುಗಿಯುವವರೆಗೆ ಅವರು ಕಾದಿದ್ದರಿಂದಲೇ ಅದು ದಿನವೂ ನಮಸ್ಕಾರದ ಹೊತ್ತಿಗೆ ಬಾರಿಸುತ್ತಿತ್ತು.

ನಾನು ಹೊರಗೆ ಬಂದಾಗ ಅವರು ನನ್ನ ಮುಖ ನೋಡದೆ ಹೇಳಿದರು: "ಯಾರ್ಗೂ ಹೇಳಿಲ್ಲ, ಹೇಳಾದೂ ಇಲ್ಲ. ಕೊಯ್ಯೋ ಜಾಗ ಸಿಕ್ತು ಅಮ್ಮ. ದಾರಿ ಮಾಡ್ಬುಟ್ರೆ ಬಾಸು ಸೀಟಿನ ಕಡೆ ಹೋಯ್ತದೆ, ನಿಮ್ ಗೋಡೆಗೆ ಬರಾಕಿಲ್ಲ. ಇನ್ನು ಕೊಯ್ಯಾದೇ ಕೆಲ್ಸ, ಬರೋ ಶುಕ್ರವಾರ ಗಂಟೆ ಸುಮ್ನಿರ್ತದೆ. ಜನದ ಎದುರು ನಿಮ್ಗೆ ಗಾಬ್ರಿ ಆಗ್ಬಾರ್ದು ಅಂತ ಹೇಳ್ದೆ."

ಜನರಿಗೆ ಬರಬೇಡಿ ಅನ್ನಲು ನನಗೆ ಪೂರ್ತಿ ಆರು ದಿನ ಇತ್ತು. ಅನ್ನಲಿಲ್ಲ. ಇಪ್ಪತ್ತು ಜನ ಬಂದರು. ಮಂಗಳಾರತಿ ಆಯಿತು, ನಮಸ್ಕಾರ ಆಯಿತು. ಗಂಟೆ ಅಲುಗಲಿಲ್ಲ.

"ಏನ್ರೀ ಲಲಿತಮ್ಮ, ಸ್ವಾಮಿ ಮುನಿಸ್ಕೊಂಡನಾ?" ಅಂದರು ಸರೋಜಮ್ಮ.

"ಸಿದ್ದಾಪುರದಿಂದ ಉಪವಾಸ ಬಂದಿದ್ದೀನಿ ಕಣ್ರೀ," ಅಂತ ಇನ್ನೊಬ್ಬರು.

ಅಷ್ಟರಲ್ಲಿ ಪಕ್ಕದಲ್ಲಿ ಗರಗಸದ ಸದ್ದು ಶುರುವಾಯಿತು. ಮಹದೇವಣ್ಣ ಕೈಗಂಟೆ ನಿಲ್ಲುವುದನ್ನೇ ಕಾದಿದ್ದರಲ್ಲ. ನನ್ನ ಬಾಯಿಂದ ಬಂದ ಮಾತು ಇದು: "ದಿನಾ ಪಕ್ಕದಲ್ಲಿ ಇಂಥ ಗದ್ದಲ ಇದ್ರೆ ದೇವರಾದ್ರೂ ಹೇಗ್ರೀ ನಿಲ್ತಾನೆ?"

ಉಳಿದದ್ದನ್ನು ಬಂದವರೇ ಮಾಡಿದರು. ನಾಲ್ಕು ಜನ ಓನರ್ ಮನೆಗೆ ಹೋಗಿ, ದೇವರ ಸಾನ್ನಿಧ್ಯ ಕೆಡುತ್ತಿದೆ ಅಂದರು. ಓನರ್ ದೈವಭಕ್ತರು. ಭಾನುವಾರ ಬಂದು ಕೂತು ಕೇಳಿದರು: "ಹೌದೇನಮ್ಮಾ? ಶೆಡ್ಡಿಂದ ನಿಮ್ಮ ಪೂಜೆಗೆ ತೊಂದ್ರೆನಾ?"

ಇಲ್ಲ ಅನ್ನುವುದು ಎರಡಕ್ಷರ. ಅಂದಿದ್ದರೆ, ಮತ್ತೆ ಗಂಟೆಯ ವಿಷಯ ಏನು ಅಂತ ಕೇಳುತ್ತಿದ್ದರು. ನಾನು ಹೌದೆನ್ನುವಂತೆ ತಲೆಯಾಡಿಸಿದೆ. ಆಮೇಲೆ ಕಾಫಿ ತರಲು ಒಳಗೆ ಹೋದೆ.

ಓನರ್ ಹೇಳಿದ ಪ್ರಕಾರ ತಿಂಗಳ ಕೊನೆಗೆ ಮಹದೇವಣ್ಣ ಶೆಡ್ಡು ಖಾಲಿ ಮಾಡಿದರು. ಸಾಮಾನೆಲ್ಲ ಟೆಂಪೋಗೆ ಏರಿಸಿ, ಸುತ್ತಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬೈಯಲು ಬಂದರು ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನನ್ ಬಾಸು ಬಡ್ದು ಬಡ್ದು ನಿಮ್ ಮೊಳೆ ಸಡ್ಲ ಆಗಿರ್ತದೆ. ಗಂಟೆ ಕಳಚಿ ದೀಪದ ಮೇಲೆ ಬಿದ್ದಾತು."

ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಬಂದು ಮೊಳೆ ಬಿಗಿ ಮಾಡಿದರು. ಗೋಡೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ಈಗ ಗಟ್ಟಿಯಾಗಿ ಅದೆ." ದೇವರಿಗೆ ಕೈಮುಗಿದು ಹೊರಟರು. ಯಾರು ಹೇಳಿದ್ದು, ಯಾಕೆ ಹೇಳಿದ್ದು, ಒಂದನ್ನೂ ಕೇಳಲಿಲ್ಲ. ನಾನು ಬಾಗಿಲ ಹತ್ತಿರ ಸೆರಗು ಹಿಡಿದು ನಿಂತೇ ಇದ್ದೆ.

ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಹೋದ ಶುಕ್ರವಾರ ಭಜನೆ ಮುಗಿದ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಸರೋಜಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಅಯ್ಯೋ ಬಿಡ್ರೀ, ಗಂಟೆ ಬಾರಿಸಿದ್ದು ನಿಜ ತಾನೇ? ಅವನ ಕೈಯಲ್ಲಿ ಬಾರಿಸಿದ್ದೂ ಸ್ವಾಮಿಯೇ," ಅಂದರು. ಎಲ್ಲರೂ ಹೌದೌದು ಅಂದರು. ಅಲ್ಲೂ ನನಗೆ ಬೈಗುಳ ಸಿಗಲಿಲ್ಲ.

ಓನರ್ ಹತ್ತಿರ ನಂಬರ್ ಇಸ್ಕೊಂಡು ಸೋಮವಾರ ಪೂಜೆ ಆದ ಮೇಲೆ ಫೋನ್ ಮಾಡಿದೆ. ಈಗ ಅಂಜನಾಪುರದಲ್ಲಿದ್ದಾರಂತೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಕತ್ರಿಗುಪ್ಪೆ ಲಲಿತಮ್ಮ ಅಂದಿದ್ದೇ ತಡ, ಆ ಕಡೆಯಿಂದ ಕೂಗಿದರು: "ಅಮ್ಮಾ! ಮಂಗಳಾರತಿ ಆಯ್ತಾ? ಆ ಮೊಳೆ ಗಟ್ಟಿಯಾಗಿ ಅದಾ?"

"ಗಟ್ಟಿಯಾಗಿದೆ ಮಹದೇವಣ್ಣ," ಅಂದೆ.

ಚೀಟಿಯನ್ನು ಓದದೆ ನಾಲ್ಕಾಗಿ ಮಡಚಿದೆ. "ಹಂಗಾದ್ರೆ ಸರಿ ಅಮ್ಮ," ಅಂತ ಅವರೇ ಫೋನ್ ಇಟ್ಟರು. ಚೀಟಿ ಇನ್ನೂ ದೇವರ ಮನೆಯ ಗೂಡಿನಲ್ಲಿದೆ.