ಟೇಕಲ್ ಹುಡುಗಿಯ ತೊಡೆಸಂದಿಯ ನೋವು

೧೯೯೯ರಲ್ಲಿ ನಾನು ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಬೆಳಿಗ್ಗೆ ಮುಳಬಾಗಿಲಿನಲ್ಲಿ ಬಸ್ಸು ಹತ್ತಿ ಬಂದರೆ ಮನೆಗೆ ವಾಪಸಾಗುತ್ತಿದ್ದದ್ದು ಸಂಜೆಗೆ. ನಮ್ಮ ವಿಭಾಗವೆಂದರೆ ನೆಲಮಹಡಿಯ ಎರಡು ಕೋಣೆ. ಒಂದರಲ್ಲಿ ಶಾಖ ಕೊಡುವ ಯಂತ್ರಗಳು, ಇನ್ನೊಂದರಲ್ಲಿ ವ್ಯಾಯಾಮದ ಚಾಪೆಗಳು. ಟೊಮ್ಯಾಟೊ ಕ್ರೇಟು ಎತ್ತಿ ಸೊಂಟ ಹಿಡಿಸಿಕೊಂಡವರು, ಲಕ್ವ ಹೊಡೆದ ಹಿರಿಯರು, ಕ್ಲಚ್ಚು ತುಳಿದು ತುಳಿದು ಮಂಡಿ ನೋಯಿಸಿಕೊಂಡ ಬಸ್ ಚಾಲಕರು ನಮ್ಮಲ್ಲಿಗೆ ಬರುತ್ತಿದ್ದರು. ಓಡಿ ಕಾಲು ನೋಯಿಸಿಕೊಂಡು ಬರುವವರು ಬಲು ಅಪರೂಪ. ಆ ಅಪರೂಪದವರಲ್ಲಿ ಒಬ್ಬಳು ಸುಜಾತ.

ಮಳೆಗಾಲ ಮುಗಿಯುತ್ತಿದ್ದಾಗ ಅವಳನ್ನು ಅವಳ ಅಣ್ಣ ಮುನಿರಾಜು ಕರೆದುಕೊಂಡು ಬಂದ. ಟೇಕಲ್ ಪಕ್ಕದ ಹಳ್ಳಿಯವರು. ತಂದೆ ತಾಯಿ ಇಲ್ಲ. ಅವನು ಮಾಲೂರಿನ ಇಟ್ಟಿಗೆ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸ ಮಾಡುತ್ತ ತಂಗಿಯನ್ನು ಪಿಯುಸಿವರೆಗೆ ಓದಿಸಿದ್ದ. ಅವಳಿಗೆ ಆಗ ಇಪ್ಪತ್ತು, ಅವನಿಗೆ ಮೂವತ್ತು ದಾಟಿತ್ತು. ಶಾಲೆಯಲ್ಲಿದ್ದಾಗ ಅವನೂ ಓಡುತ್ತಿದ್ದನಂತೆ. ಈಗ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ತಂಗಿಯನ್ನು ಟೇಕಲ್ ರಸ್ತೆಯಲ್ಲಿ ಓಡಿಸಿ, ತಾನು ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ. ಮೂರು ಸಾವಿರ ಮೀಟರ್ ಓಟದಲ್ಲಿ ಅವಳು ಜಿಲ್ಲಾ ಮಟ್ಟದಲ್ಲಿ ಗೆದ್ದಿದ್ದಳು. ಸರ್ಕಾರಿ ಇಲಾಖೆಯೊಂದರ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಆಯ್ಕೆ ನಡೆಯುವುದಿತ್ತು. ಅಣ್ಣ ತಂಗಿ ಇಬ್ಬರ ಕಣ್ಣೂ ಅದರ ಮೇಲಿತ್ತು.

"ಮೊಣಕಾಲ ಕೆಳಗೆ ನೋವು ಅಂತಾಳೆ ಮೇಡಂ," ಎಂದ ಮುನಿರಾಜು. "ಓಡೋಕೆ ಶುರು ಮಾಡ್ದಾಗ ಜಾಸ್ತಿ, ಮೈ ಬಿಸಿಯಾದ್ಮೇಲೆ ಕಮ್ಮಿ."

ಕಣಕಾಲಿನ ಮೂಳೆಯ ಒಳಬದಿಯಲ್ಲಿ ಬೆರಳೊತ್ತುತ್ತ ಬಂದೆ. ಒಂದು ಗೇಣಿನಷ್ಟು ಉದ್ದಕ್ಕೂ ನೋವಿತ್ತು. ಇದಕ್ಕೆ ಶಿನ್ ಸ್ಪ್ಲಿಂಟ್ಸ್ ಎನ್ನುತ್ತೇವೆ. ಮೂಳೆಗೆ ಅಂಟಿಕೊಂಡ ಸ್ನಾಯುಗಳು ಮತ್ತೆ ಮತ್ತೆ ಜಗ್ಗಿ ಬರುವ ನೋವು ಇದು. ಮೂಳೆಯೇ ಬಿರುಕು ಬಿಡುತ್ತಿದ್ದರೆ ನೋವು ಹೀಗೆ ಹರಡಿಕೊಂಡಿರುವುದಿಲ್ಲ. ನಾಲ್ಕಾಣೆ ನಾಣ್ಯದಷ್ಟು ಜಾಗದಲ್ಲೇ ಚುಚ್ಚುತ್ತದೆ, ಓಡಿದಷ್ಟೂ ಹೆಚ್ಚುತ್ತದೆ, ಕೂತಾಗಲೂ ಬಿಡುವುದಿಲ್ಲ. ಅದಕ್ಕೆ ಸ್ಟ್ರೆಸ್ ಫ್ರಾಕ್ಚರ್ ಎಂದು ಹೆಸರು. ಅವಳದು ಅದಲ್ಲವೆಂದು ಸಮಾಧಾನವಾಯಿತು.

ಆಮೇಲೆ ಶೂ ತೋರಿಸಲು ಹೇಳಿದೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ಮುನಿರಾಜು ಕೊಂಡು ತಂದದ್ದು, ಯಾವುದೋ ಹೊರದೇಶದವರು ಹಾಕಿ ಬಿಟ್ಟ ಜೋಡಿ. ಮೇಲೆ ಹೊಳಪಿತ್ತು. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ಎರಡೂ ಒಳಕ್ಕೆ ವಾಲಿಕೊಂಡಿದ್ದವು. ಹಿಮ್ಮಡಿಯ ಒಳಬದಿ ಸವೆದಿತ್ತು. ಮಿಡ್‌ಸೋಲ್ ಅನ್ನುವ ನಡುವಿನ ಮೆತ್ತನೆಯ ಪದರ ಒತ್ತಿದರೆ ಮರದ ಹಾಗೆ ಗಟ್ಟಿ. ಬೇರೊಬ್ಬರ ನಡಿಗೆಗೆ ಒಗ್ಗಿಹೋಗಿದ್ದ ಶೂ ಅದು. ಸಾಲದೆಂದು ಅಳತೆಗೆ ದೊಡ್ಡದಾಗಿ, ಮುಂದೆ ಬಟ್ಟೆ ತುರುಕಿದ್ದರು.

ಮುನಿರಾಜುವಿನ ಮುಖ ಸಣ್ಣದಾಯಿತು. "ಒಳ್ಳೇ ಕಂಪನೀದು ಅಂದ್ಕಂಡು ತಂದೆ ಮೇಡಂ," ಎಂದ.

ನಿಮ್ಮ ತಪ್ಪಲ್ಲ, ಹೇಳಿಕೊಡುವವರು ಇಲ್ಲದಿದ್ದರೆ ಯಾರಾದರೂ ಮಾಡುವುದೇ ಇದು ಎಂದೆ. ಹೊಸ ಶೂ ಕೊಳ್ಳುವುದು ಹೇಗೆಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಅಂಗಡಿಗೆ ಸಂಜೆ ಹೋಗಿ. ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಲಿ, ಹಿಮ್ಮಡಿ ಮಾತ್ರ ಜಾರಬಾರದು. ಶೂವನ್ನು ಬಗ್ಗಿಸಿದರೆ ಬೆರಳು ಮಡಚುವ ಕಡೆ ಬಗ್ಗಬೇಕು. ನಡುವೆ ಮಡಚಿಕೊಂಡರೆ ಅದು ಓಟಕ್ಕೆ ಬೇಡ. ಬೆಲೆಯನ್ನೂ ಬಣ್ಣವನ್ನೂ ನೋಡಬೇಡಿ, ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿ, ಹಾಕಿದ ಕೂಡಲೇ ಹಿತವೆನ್ನಿಸಬೇಕು. "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ.

ಎರಡು ವಾರ ಓಟ ನಿಲ್ಲಿಸಿ, ಐಸ್ ಇಟ್ಟು, ಮೀನಖಂಡದ ವ್ಯಾಯಾಮ ಮಾಡಿಸಿದೆ. ಆಮೇಲೆ ಹೊಸ ಶೂ ಹಾಕಿಸಿ, ಡಾಂಬರು ರಸ್ತೆ ಬಿಟ್ಟು ಮಣ್ಣಿನ ದಾರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಓಡಲು ಬಿಟ್ಟೆ. ನೋವು ಹೋಯಿತು. ಒಂದು ದಿನ ಮುನಿರಾಜು ಸೀಬೆಹಣ್ಣು ತಂದು ಮೇಜಿನ ಮೇಲಿಟ್ಟು, "ಬಾಣ ಓಡ್ದಂಗೆ ಓಡ್ತಾಳೆ ಮೇಡಂ, ನನ್ ಸೈಕಲ್ಲೇ ಹಿಂದೆ ಬೀಳ್ತೈತೆ," ಎಂದ. ಸುಜಾತ ನಾಚಿ ನಗುತ್ತಿದ್ದಳು.

ಮುಂದಿನ ವರ್ಷ ಸಂಕ್ರಾಂತಿಯಾದ ಮೇಲೆ ಅವಳು ಒಬ್ಬಳೇ ಬಂದಳು. ತೊಡೆಸಂದಿಯ ಮೇಲೆ ಕೈಯಿಟ್ಟು, "ಇಲ್ಲಿ ಒಳಗೆಲ್ಲೋ ನೋಯ್ತದೆ ಮೇಡಂ, ಎಲ್ಲಿ ಅಂತ ಬೆರಳಿಡೋಕೆ ಆಗಲ್ಲ," ಎಂದಳು. ಓಡುವಾಗ ಬರುತ್ತಿದ್ದ ನೋವು ಈಗ ನಡೆಯುವಾಗಲೂ ಬರುತ್ತಿತ್ತು. ಮಲಗಿಸಿ ಮಂಡಿ ಮಡಚಿ ತೊಡೆಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದೆ. ಅವಳು ತುಟಿ ಕಚ್ಚಿದಳು. ಒಂಟಿಕಾಲಲ್ಲಿ ಕುಪ್ಪಳಿಸಲು ಹೇಳುವ ಪರೀಕ್ಷೆಯೊಂದಿದೆ. ನಾನು ಅದನ್ನು ಮಾಡಿಸಲಿಲ್ಲ. ನನ್ನ ಅನುಮಾನ ನಿಜವಾಗಿದ್ದರೆ ಆ ಒಂದು ಕುಪ್ಪಳಿಕೆಯೂ ಅಪಾಯ.

ತೊಡೆಮೂಳೆಯ ತುದಿಯಲ್ಲಿ ಚೆಂಡಿನಂಥ ತಲೆ ಇರುತ್ತದೆ, ಅದು ಸೊಂಟದ ಗುಳಿಯಲ್ಲಿ ಕೂತಿರುತ್ತದೆ. ತಲೆಯನ್ನು ಮೂಳೆಗೆ ಸೇರಿಸುವ ಕತ್ತಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ನೋವು ತೊಡೆಸಂದಿಯಲ್ಲಿ ಕಾಣಿಸುತ್ತದೆ. ಎಷ್ಟೋ ಜನ ಸ್ನಾಯು ಉಳುಕಿದೆ ಎಂದುಕೊಂಡು ಎಣ್ಣೆ ತಿಕ್ಕಿಸಿಕೊಂಡು ಓಡುತ್ತಲೇ ಇರುತ್ತಾರೆ. ತಲೆಗೆ ರಕ್ತ ಹೋಗುವುದೂ ಆ ಕತ್ತಿನ ಮೂಲಕವೇ. ಅದು ಪೂರ್ತಿ ಮುರಿದರೆ ರಕ್ತ ನಿಂತು ಮೂಳೆಯ ತಲೆ ಸಾಯಬಹುದು.

ಇಪ್ಪತ್ತರ ಹುಡುಗಿಗೆ ಇಂಥದ್ದು ಯಾಕೆ ಬರಬೇಕು? ಬಾಗಿಲು ಹಾಕಿ ಬಂದು, ಮುಟ್ಟು ಸರಿಯಾಗಿ ಆಗುತ್ತಿದೆಯಾ ಎಂದು ಕೇಳಿದೆ.

"ನಿಂತು ಬಾಳ ತಿಂಗಳಾಯ್ತು," ಎಂದಳು ತಲೆ ತಗ್ಗಿಸಿ. "ಒಳ್ಳೇದೇ ಆಯ್ತಲ್ಲ ಮೇಡಂ, ಓಡೋಕೆ ಅಡ್ಡ ಇಲ್ಲ."

"ಊಟ?"

ಯಾವುದೋ ಕ್ರೀಡಾಕೂಟದಲ್ಲಿ ಯಾರೋ ಹೇಳಿದ್ದರಂತೆ, ಮೈ ಹಗುರಾದಷ್ಟೂ ಕಾಲು ಜೋರಾಗುತ್ತದೆ ಎಂದು. ಅವತ್ತಿನಿಂದ ರಾತ್ರಿ ಊಟ ಬಿಟ್ಟಿದ್ದಳು. ಬೆಳಿಗ್ಗೆ ಓಡಿ ಬಂದು ಟೀ ಅಷ್ಟೇ. ಅಣ್ಣನಿಗೆ ಮುದ್ದೆ ಬಡಿಸಿ, ನಂದು ಆಗಲೇ ಆಯ್ತು ಎನ್ನುತ್ತಿದ್ದಳು. ದೇಹಕ್ಕೆ ಊಟ ಸಾಲದೆ ಓಟ ಹೆಚ್ಚಾದರೆ ಮೊದಲು ಮುಟ್ಟು ನಿಲ್ಲುತ್ತದೆ, ಅದರ ಹಿಂದೆಯೇ ಮೂಳೆ ಸೊರಗುತ್ತದೆ. ಇದನ್ನು ಹೇಳಿದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಆ ವಿಷ್ಯ ಅಣ್ಣಂಗೆ ಹೇಳ್ಬೇಡಿ ಮೇಡಂ. ನಾಚ್ಕೆ ಆಗ್ತದೆ."

ಮುಟ್ಟಿನ ವಿಷಯ ಹೇಳುವುದಿಲ್ಲ, ಮೂಳೆಯದೂ ಊಟದ್ದೂ ಹೇಳಲೇಬೇಕು ಎಂದೆ. ಒಪ್ಪಿದಳು. ನಮ್ಮ ಹೆಂಗಸರ ಡಾಕ್ಟರಿಗೆ ತೋರಿಸಿದೆ. ಊರುಗೋಲು ಕೊಟ್ಟು, ಆ ಕಾಲನ್ನು ನೆಲಕ್ಕೆ ಊರಬಾರದೆಂದು ಕಟ್ಟುನಿಟ್ಟು ಮಾಡಿ, ಕಾರ್ಖಾನೆಗೆ ಫೋನ್ ಮಾಡಿ ಮುನಿರಾಜುವನ್ನು ಕರೆಸಿದೆ.

ಅವನು ಇಟ್ಟಿಗೆಯ ಕೆಂಪು ಧೂಳು ಮೈಮೇಲಿದ್ದಂತೆಯೇ ಬಂದ. ನಾನು ಹೇಳಿದ್ದನ್ನೆಲ್ಲ ನಿಂತೇ ಕೇಳಿದ. ಇಂಥ ಹೊತ್ತಿನಲ್ಲಿ ಮನೆಯವರು ಎರಡು ಮಾತ್ರೆ ಕೊಡಿ, ಆಯ್ಕೆ ಮುಗಿದ ಮೇಲೆ ನೋಡೋಣ ಎನ್ನುವುದೇ ಹೆಚ್ಚು. ಅವನೂ ಹಾಗೇ ಅನ್ನುತ್ತಾನೆಂದು ವಾದಕ್ಕೆ ಸಿದ್ಧವಾಗಿಯೇ ಕೂತಿದ್ದೆ.

"ಓಟ ಬೇಡ ಬಿಡಮ್ಮಾ," ಎಂದ ಅವನು, ತಂಗಿಯ ಕಡೆ ತಿರುಗಿ. "ಕಾಲಿದ್ರೆ ಅಲ್ವಾ ಓಟ. ಮನೇಗ್ ಹೋಗಾಣ ನಡಿ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ನಿಜವಾಗ್ಲೂ ಉಣ್ತಿರ್ಲಿಲ್ವಾ ಮೇಡಂ? ಒಂದೇ ಮನೇಲಿದ್ದು ನಂಗೆ ಗೊತ್ತಾಗ್ಲಿಲ್ಲ."

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಬಿರುಕು ಮೊದಮೊದಲು ಎಕ್ಸ್‌ರೇಗೆ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಬೋನ್ ಸ್ಕ್ಯಾನ್ ಮಾಡಿಸಿದಾಗ ಕತ್ತಿನ ಒಳಬದಿಯಲ್ಲಿ ಬಿರುಕು ಖಚಿತವಾಯಿತು. ಮೇಲುಬದಿಯಲ್ಲಿದ್ದಿದ್ದರೆ ಕೂಡಲೇ ಸ್ಕ್ರೂ ಹಾಕಬೇಕಾಗುತ್ತಿತ್ತು. ಒಳಬದಿಯದು ಭಾರ ಹಾಕದೆ ಬಿಟ್ಟರೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಎರಡು ತಿಂಗಳು ಊರುಗೋಲು, ಹೊಟ್ಟೆ ತುಂಬ ಊಟ, ಆಮೇಲೆ ನಿಧಾನವಾಗಿ ನಡಿಗೆ. ವರ್ಷದೊಳಗೆ ಮತ್ತೆ ಓಡಬಹುದು ಎಂದು ಅಲ್ಲಿನ ಮೂಳೆ ಡಾಕ್ಟರೂ ಭರವಸೆ ಕೊಟ್ಟರು. ನಾನು ಅವಳಿಗೆ ಅದನ್ನೇ ಹತ್ತು ಸಲ ಹೇಳಿದೆ. ಮುನಿರಾಜು ಮನೆಯಲ್ಲಿ ಹಾಲು, ಮೊಟ್ಟೆ, ಕಡಲೆಕಾಯಿ ತಂದಿಟ್ಟು, ಎದುರು ಕೂತು ಉಣ್ಣಿಸುತ್ತಿದ್ದ. ಎರಡು ವಾರದ ನಂತರ ಬಂದಾಗ ಅವಳ ಕೆನ್ನೆ ಸ್ವಲ್ಪ ತುಂಬಿತ್ತು.

"ನೋವೇ ಇಲ್ಲ ಮೇಡಂ," ಎಂದಳು.

"ಭಾರ ಹಾಕ್ತಿಲ್ಲ, ಅದಕ್ಕೇ ನೋವಿಲ್ಲ. ಮೂಳೆ ಇನ್ನೂ ಕೂಡಿಲ್ಲ ಕಣೇ," ಎಂದೆ. ಅರ್ಥವಾಯಿತು ಎನ್ನುವಂತೆ ತಲೆಯಾಡಿಸಿದಳು. ಅರ್ಥವಾಗಿಯೂ ಇತ್ತು. ಜಾಣ ಹುಡುಗಿ.

ಆಯ್ಕೆ ಇದ್ದದ್ದು ಅದರ ಮುಂದಿನ ವಾರ. ಅಣ್ಣ ಕೆಲಸಕ್ಕೆ ಹೋದ ಮೇಲೆ ಊರುಗೋಲನ್ನು ಬಾಗಿಲ ಹಿಂದೆ ಒರಗಿಸಿಟ್ಟು, ಶೂ ಚೀಲಕ್ಕೆ ಹಾಕಿಕೊಂಡು, ಟೇಕಲ್‌ನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದಳು. ಮೂರು ಸಾವಿರ ಮೀಟರೆಂದರೆ ಟ್ರ್ಯಾಕಿನಲ್ಲಿ ಏಳೂವರೆ ಸುತ್ತು. ಕೊನೆಯ ಸುತ್ತಿನಲ್ಲಿ ಮೂಳೆಯ ಕತ್ತು ಪೂರ್ತಿ ಮುರಿಯಿತು. ಪಕ್ಕದಲ್ಲಿ ಓಡುತ್ತಿದ್ದವರಿಗೂ ಆ ಸದ್ದು ಕೇಳಿಸಿತಂತೆ.

ಸುದ್ದಿ ನನಗೆ ತಿಳಿದದ್ದು ಎರಡು ದಿನವಾದ ಮೇಲೆ. ಭಾನುವಾರ ಬೆಂಗಳೂರಿನ ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ ಆಪರೇಷನ್ ಆಗಿತ್ತು. ಮುರಿದ ಮೂಳೆ ಜಾಗದಿಂದ ಸರಿದಿದ್ದರಿಂದ ಅದನ್ನು ಕೂಡಿಸಿ ಸ್ಕ್ರೂ ಹಾಕಿದ್ದರು. ಮುನಿರಾಜು ವಾರ್ಡಿನ ಹೊರಗೆ ಗೋಡೆಗೊರಗಿ ಕೂತಿದ್ದ. ಅವರ ಮನೆಮಾತು ತೆಲುಗು. ನನ್ನ ಹತ್ತಿರ ಯಾವತ್ತೂ ಕನ್ನಡದಲ್ಲೇ ಮಾತಾಡಿದವನು ಅವತ್ತು, ನಾನು ಎದುರಿಗಿದ್ದೇನೆಂಬುದೂ ತಿಳಿಯದವನ ಹಾಗೆ, "ಎಂದುಕಮ್ಮಾ ಇಟ್ಲ ಚೇಸ್ತಿವಿ, ಎಂದುಕಮ್ಮಾ," ಎನ್ನುತ್ತಿದ್ದ. ಯಾಕಮ್ಮಾ ಹಿಂಗೆ ಮಾಡ್ದೆ, ಅಷ್ಟೇ ಮಾತು, ಮತ್ತೆ ಮತ್ತೆ.

ಒಳಗೆ ಸುಜಾತ ಎಚ್ಚರವಾಗಿದ್ದಳು. ನಾನು ಬೈಯುತ್ತೇನೆಂದು ಕಾದಂತಿತ್ತು. ನಾನು ಪಕ್ಕದಲ್ಲಿ ಕೂತೆ.

"ಮುಂದೆ ಇಬ್ರೇ ಇದ್ರು ಮೇಡಂ," ಎಂದಳು. "ಒಬ್ಬಳನ್ನ ಇನ್ನೇನು ದಾಟ್ಬೇಕು, ಅಷ್ಟರಲ್ಲಿ."

"ಅಣ್ಣನೇ ಬೇಡ ಅಂದಿದ್ದನಲ್ಲೇ. ಮುಂದಿನ ವರ್ಷ ಓಡಬಹುದಿತ್ತಲ್ಲ."

"ನಂಗೊಂದು ಕೆಲ್ಸ ಆಗೋವರ್ಗೂ ಮದ್ವೆ ಆಗಲ್ಲ ಅಂತ ಕೂತವ್ನೆ ಅವ್ನು. ಭಟ್ಟಿ ಧೂಳಿಗೆ ರಾತ್ರಿಯೆಲ್ಲ ಕೆಮ್ತಾನೆ. ಇನ್ನೊಂದು ವರ್ಷ ಅಲ್ಲೇ ಇರು ಅಂತ ಹೆಂಗ್ ಹೇಳ್ಲಿ?" ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ದಿಂಬು ಒದ್ದೆಯಾಗುವುದು ಕಾಣುತ್ತಿತ್ತು, ಅಳುವ ಸದ್ದು ಮಾತ್ರ ಬರಲಿಲ್ಲ. ಅಣ್ಣ ಹೊರಗೆ ಕೂತಿದ್ದನಲ್ಲ.

ವಾಪಸು ಹೊರಟಾಗ ಮುನಿರಾಜು ಬಸ್ಸಿನವರೆಗೆ ಬಂದ. ದಾರಿಯಲ್ಲಿ ಒಂದು ಮಾತು ಹೇಳಿದ. ಅಷ್ಟು ವರ್ಷದ ಕೆಲಸದಲ್ಲಿ ನಾನು ಕೇಳಿದ ಮಾತುಗಳಲ್ಲಿ ಅದರಷ್ಟು ಭಾರವಾದದ್ದು ಇನ್ನೊಂದಿಲ್ಲ.

"ಬಾಯಲ್ಲಿ ಬೇಡ ಅಂದೆ ಮೇಡಂ. ಹಂಗನ್ನುವಾಗ ನನ್ ಮುಖ ಹೆಂಗಿತ್ತೋ ಏನೋ. ಅದನ್ನ ನೋಡ್ಬುಟ್ಟಿದಾಳೆ ಅವಳು."

ಹಾಗಲ್ಲ ಎಂದು ನಾನು ಹೇಳಿದೆ. ಅವತ್ತು ನನ್ನ ಕೋಣೆಯಲ್ಲಿ ಅವನ ಮುಖ ನೋಡಿದ್ದವರಲ್ಲಿ ನಾನೂ ಒಬ್ಬಳು. ತಂಗಿಯ ಮೇಲಿನ ಪ್ರೀತಿಯಲ್ಲದೆ ಬೇರೇನೂ ಅಲ್ಲಿರಲಿಲ್ಲ. ಎಷ್ಟು ಹೇಳಿದರೂ ಅವನು ನಂಬಲಿಲ್ಲ.

ನಾವು ಹೆದರಿದ್ದೇ ಆಯಿತು. ಮುಂದಿನ ವರ್ಷ ತೆಗೆಸಿದ ಎಕ್ಸ್‌ರೇಯಲ್ಲಿ ಮೂಳೆಯ ತಲೆ ರಕ್ತವಿಲ್ಲದೆ ಕುಸಿಯುತ್ತಿರುವುದು ಕಂಡಿತು. ಕಾಲು ಒಂದಂಗುಲ ಗಿಡ್ಡವಾಯಿತು. ನೆಲಕ್ಕೆ ಕೂರಲು ಆಗದು, ಚಕ್ಕಳಮಕ್ಕಳ ಹಾಕಲು ಆಗದು. ಕೃತಕ ಕೀಲು ಹಾಕಿದರೂ ಇಷ್ಟು ಚಿಕ್ಕವಯಸ್ಸಿಗೆ ಬಹಳ ವರ್ಷ ಬಾಳಿಕೆ ಬರುವುದಿಲ್ಲ, ಇರುವ ಕೀಲೇ ತಡೆಯುವಷ್ಟು ದಿನ ತಡೆಯಲಿ ಎಂದರು ಡಾಕ್ಟರು. ಗಿಡ್ಡವಾದ ಕಾಲಿಗೆ ಹಿಮ್ಮಡಿ ಎತ್ತರಿಸಿದ ಚಪ್ಪಲಿ ಮಾಡಿಸಲು ಅಳತೆ ತೆಗೆದವಳು ನಾನೇ. ಅವಳು ಅಲುಗಾಡದೆ ನಿಂತಿದ್ದಳು, ಓಟದ ಗೆರೆಯಲ್ಲಿ ನಿಂತ ಹಾಗೆ.

೨೦೦೩ರಲ್ಲಿ ಟೇಕಲ್ ಸ್ಟೇಷನ್ ಹತ್ತಿರ ಅವಳಿಗೊಂದು ಎಸ್‌ಟಿಡಿ ಬೂತ್ ಸಿಕ್ಕಿತು. ಆ ಕಡೆ ಕೆಲಸವಿದ್ದಾಗ ನೋಡಲು ಹೋದೆ. ಎತ್ತರದ ಕುರ್ಚಿ ಹಾಕಿಕೊಂಡು ಕೂತಿದ್ದಳು. ನನ್ನನ್ನು ಕಂಡು ಏಳಲು ಹೋದವಳನ್ನು ತಡೆದೆ.

"ಕ್ರೀಡಾ ಕೋಟಾದಲ್ಲಿ ಸಿಗ್ದೇ ಇದ್ದಿದ್ದು ಅಂಗವಿಕಲರ ಕೋಟಾದಲ್ಲಿ ಸಿಕ್ತು ನೋಡಿ ಮೇಡಂ," ಎಂದು ನಕ್ಕಳು. ನನಗೆ ನಗಲಾಗಲಿಲ್ಲ.

ಅಣ್ಣನಿಗೆ ಮದುವೆಯಾಯಿತೇ ಎಂದು ಕೇಳಿದೆ. ಇಲ್ಲವೆಂದಳು. ಭಟ್ಟಿಯ ಕೆಲಸವನ್ನೂ ಬಿಟ್ಟಿರಲಿಲ್ಲ. "ಮೊದ್ಲು ನನ್ ಕೆಲ್ಸಕ್ಕೆ ಕಾಯ್ತಿದ್ದ. ಈಗ ನಿನ್ನ ನೋಡ್ಕಳೋರು ಯಾರು ಅಂತಾನೆ." ಅಷ್ಟು ಹೇಳುವಷ್ಟರಲ್ಲಿ ಯಾರೋ ಫೋನ್ ಮಾಡಲು ಬಂದರು. ಅವಳು ಆ ಕಡೆ ತಿರುಗಿದಳು.

ಓಟಗಾರರಿಗೆ ನಾನು ಈಗಲೂ ಶೂ ವಿಷಯ ಹೇಳುತ್ತೇನೆ, ತೊಡೆಸಂದಿ ನೋವನ್ನು ಉಳುಕೆಂದು ತಿಳಿಯಬೇಡಿ ಎನ್ನುತ್ತೇನೆ, ಹೆಣ್ಣುಮಕ್ಕಳನ್ನು ಊಟ ಮತ್ತು ಮುಟ್ಟಿನ ಬಗ್ಗೆ ಮೊದಲ ದಿನವೇ ಕೇಳುತ್ತೇನೆ. ಇವೆಲ್ಲ ಪುಸ್ತಕದಲ್ಲೂ ಇವೆ. ಪುಸ್ತಕದಲ್ಲಿಲ್ಲದ್ದನ್ನು ನನಗೆ ಕಲಿಸಿದ್ದು ಸುಜಾತ. ಅವಳಿಗೆ ಮೂಳೆಯ ವಿಷಯ ತಿಳಿಯದೆ ಇರಲಿಲ್ಲ, ಅಣ್ಣನ ಒತ್ತಾಯವೂ ಇರಲಿಲ್ಲ. ಎಲ್ಲ ತಿಳಿದೇ ಓಡಿದಳು. ತನ್ನ ಕಾಲಿಗಿಂತ ಹೆಚ್ಚಿನದೊಂದು ಅವಳಿಗಿತ್ತು. ಅಂಥವರನ್ನು ನಿಲ್ಲಿಸುವ ಮದ್ದು ನನ್ನ ವೃತ್ತಿಯಲ್ಲಿಲ್ಲ. ಓಟ ಬಿಡು ಎಂದು ಯಾರಿಗಾದರೂ ಹೇಳಬೇಕಾಗಿ ಬಂದ ದಿನ, ಹೇಳಿದ ಮೇಲೆ ಅವರನ್ನು ಕೂಡಲೇ ಕಳಿಸುವುದಿಲ್ಲ. ಯಾರಿಗಾಗಿ ಓಡ್ತಿದ್ದೀಯಾ ಎಂದು ಕೇಳಿ, ಅವರು ಮಾತಾಡುವವರೆಗೂ ಎದುರಿಗೆ ಸುಮ್ಮನೆ ಕೂತಿರುತ್ತೇನೆ.