ಪರಪ್ಪ ಮಾವ ಬಿಚ್ಚಿದ ಎರಡು ಆಕ್ಸಲ್

ನನ್ನ ಸೋದರಮಾವ ಪರಪ್ಪ ಗಡಹಿಂಗ್ಲಜದಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ. ಉತ್ತೂರಿನ ಒಕ್ಕಲುತನದ ಮನೆಯವನು. ಅಣ್ಣತಮ್ಮಂದಿರು ಬೆಲ್ಲ, ಮೆಣಸಿನಕಾಯಿಯ ವ್ಯಾಪಾರ ಹಿಡಿದರೆ ಇವನೊಬ್ಬ ಮೀಸೆ ಚಿಗುರುವ ವಯಸ್ಸಿಗೇ ಕೊಲ್ಹಾಪುರಕ್ಕೆ ಹೋಗಿ ಒಂದು ಖಾಸಗಿ ಬಸ್ಸಿನವರ ಹತ್ತಿರ ಕೆಲಸ ಕಲಿತು ಬಂದ. ದಿನಾ ಸಂಜೆ ಕಟ್ಟಿಗೆ ಹೊಟ್ಟು, ಬೂದಿ ಹಾಕಿ ಮೊಣಕೈವರೆಗೂ ತಿಕ್ಕಿ ತೊಳೆದುಕೊಂಡ ಮೇಲೇ ಲಿಂಗ ಮುಟ್ಟುತ್ತಿದ್ದ. ಹಾಗಿದ್ದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ‘ಅದು ಹೋದ್ರ ನನ್ನ ಗುರ್ತ ಯಾರೂ ಹಿಡಿಯೂದಿಲ್ಲವಾ’ ಎಂದು ಹೆಂಡತಿ ಹಾಲವ್ವತ್ತಿಯ ಮುಂದೆ ನಗುತ್ತಿದ್ದ.

ಅವನು ನಕ್ಕಿದ್ದು ಸಾವಿರದ ಒಂಬೈನೂರಾ ಅರವತ್ತಮೂರರ ಭಾದ್ರಪದದ ತನಕ. ಅಲ್ಲಿಂದ ಮುಂದೆ ಬಹಳ ದಿನ ನಗಲಿಲ್ಲ.

ಆಗ ನಮ್ಮ ಕಡೆ ಬಾಡಿಗೆಗೆ ಓಡುತ್ತಿದ್ದ ಗಾಡಿಗಳೆಲ್ಲ ಎರಡನೆಯ ಮಹಾಯುದ್ಧಕ್ಕೂ ಮುಂಚಿನ ಅಮೆರಿಕದ ಕಾರುಗಳು. ನಾಲ್ಕೈದು ಕೈ ಬದಲಾಗಿ, ಬಣ್ಣ ಬಳಿಸಿಕೊಂಡು ಬಂದವು. ಬಿಡಿಭಾಗಗಳು ಹೊರದೇಶದಿಂದ ಬರುವುದು ನಿಂತುಹೋಗಿತ್ತು. ಮುರಿದದ್ದನ್ನು ಕೊಲ್ಹಾಪುರದ ಲೇತ್‌ಗಳಲ್ಲಿ ಹೊಸದಾಗಿ ಮಾಡಿಸಬೇಕು. ಅರವತ್ತೆರಡರಲ್ಲಿ ಒಂದೇ ನಮೂನೆಯ ಎರಡು ಗಾಡಿ ಮಾವನ ಕೈಗೆ ಬಂದವು, ಎರಡರದೂ ಹಿಂದಿನ ಆಕ್ಸಲ್ ಸವೆದಿದ್ದವು. ಒಂದು ತಾತ್ಯಾಸಾಹೇಬರ ಬಾಡಿಗೆ ಗಾಡಿ. ಅದನ್ನು ಓಡಿಸುತ್ತಿದ್ದವನು ಕೋವಾಡದ ಕಡೆಯ ಕುರಿಕಾರರ ಮನೆತನದ ಜೋತಿಬಾ. ಇನ್ನೊಂದು ಗಡಹಿಂಗ್ಲಜದ ಒಬ್ಬ ವಕೀಲರದು. ಮಾವ ಕೊಲ್ಹಾಪುರದಲ್ಲಿ ತನ್ನ ಹಳೆಯ ಗೆಳೆಯ ಗುಂಡುವಿನ ಲೇತ್‌ನಲ್ಲಿ ನಾಲ್ಕು ಆಕ್ಸಲ್ ಮಾಡಿಸಿ ತಂದು, ಗಾಲಿಗೊಂದರಂತೆ ಎರಡೆರಡು ಹಾಕಿ ಕೊಟ್ಟ.

ಆ ಗಾಡಿಗಳಲ್ಲಿ ಹಿಂದಿನ ಗಾಲಿ ನಿಂತಿರುವುದೇ ಆಕ್ಸಲ್ ಎಂಬ ಆ ಉಕ್ಕಿನ ದಂಡದ ತುದಿಯ ಮೇಲೆ. ದಂಡ ಮುರಿದರೆ ಗಾಡಿ ನಿಲ್ಲುವುದಷ್ಟೇ ಅಲ್ಲ, ಗಾಲಿಯೇ ಕಳಚಿ ಹೋಗುತ್ತದೆ. ಅದಕ್ಕೇ ಹೊಸ ಆಕ್ಸಲ್ ಹಾಕುವ ಮೊದಲು ಮಾವ ಒಂದು ಪರೀಕ್ಷೆ ಮಾಡುತ್ತಿದ್ದ. ಇಡೀ ದಿನ ಚಿಮಣಿ ಎಣ್ಣೆಯಲ್ಲಿ ಮುಳುಗಿಸಿಟ್ಟು, ಒಣಗಿಸಿ ಒರೆಸಿ, ಮೈಗೆಲ್ಲ ಸುಣ್ಣದ ಪುಡಿ ಸವರುವುದು. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಇಳಿದ ಎಣ್ಣೆ ಹೊರಗೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆ ನಾಲ್ಕಕ್ಕೆ ಮಾತ್ರ ಆ ಪರೀಕ್ಷೆ ಆಗಲಿಲ್ಲ. ಲಗ್ನಸರಾಯಿ, ಮದುವೆಗಳ ಗಡಿಬಿಡಿಯ ದಿನಗಳು, ಜೋತಿಬಾ ಬೆಳಿಗ್ಗೆ ಎದ್ದರೆ ಬಂದು ಕೂಡುತ್ತಿದ್ದ, ವಕೀಲರ ಆಳು ಮಧ್ಯಾಹ್ನ ಬರುತ್ತಿದ್ದ. ಗುಂಡುವಿನ ಕೈಯಲ್ಲವೇ ಎಂದು ಮಾವ ನಂಬಿದ.

ಒಂದು ವರ್ಷದ ಮೇಲೆ, ಕೋವಾಡದ ಸಂತೆಯ ದಿನ, ಜೋತಿಬಾ ನೇಸರಿಯಿಂದ ಐದು ಜನರನ್ನು ಕೂರಿಸಿಕೊಂಡು ಹೊರಟಿದ್ದ. ಬೆಳಗಿನ ಹತ್ತು ಗಂಟೆ, ಸಣ್ಣ ಮಳೆ. ಇಳಿಜಾರಿನ ತಿರುವಿನಲ್ಲಿ ಬಲಗಡೆಯ ಹಿಂದಿನ ಗಾಲಿ ಕಳಚಿ ಗಾಡಿಗಿಂತ ಮುಂದೆ ಓಡಿತು. ಗಾಡಿ ಎರಡು ಪಲ್ಟಿ ಹೊಡೆದು ಭತ್ತದ ಗದ್ದೆಗೆ ಬಿತ್ತು. ಕೆಸರು ಮೆತ್ತಗಿತ್ತು, ಕೂತವರು ಕೈಕಾಲು ಮುರಿದುಕೊಂಡು ಉಳಿದರು. ಜೋತಿಬಾ ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿ ಅಲ್ಲೇ ತೀರಿಕೊಂಡ. ಮೂವತ್ತೊಂದು ವಯಸ್ಸು. ಮನೆಯಲ್ಲಿ ಹೆಂಡತಿ ಲಗಮವ್ವ, ಎರಡು ಹೆಣ್ಣುಮಕ್ಕಳು, ಅಣ್ಣ ಕೃಷ್ಣಾತ.

ಸುದ್ದಿ ಗಡಹಿಂಗ್ಲಜಕ್ಕೆ ಬರುವ ಹೊತ್ತಿಗೆ ಅದರ ಜೊತೆ ತೀರ್ಪೂ ಬಂದಿತ್ತು. ‘ಜೋರ ಹೊಡದಾನ. ಮಳ್ಯಾಗ ಹಂಗ ಹೊಡದ್ರ ಏನಾಗ್ತೈತಿ?’ ತಾತ್ಯಾಸಾಹೇಬರು ಹೇಳಿದರು, ಸ್ಟ್ಯಾಂಡಿನವರು ಹೇಳಿದರು, ಪೊಲೀಸರ ಪಂಚನಾಮೆಯಲ್ಲೂ ಅದೇ ಬರೆಯಲಾಯಿತು. ಎರಡು ದಿನದಲ್ಲಿ ಆ ಮಾತಿಗೆ ದಾರೂ ಕೂಡಿಕೊಂಡಿತು. ಜೋತಿಬಾ ದಾರೂ ಮುಟ್ಟಿದವನಲ್ಲ.

ಮೂರನೆಯ ದಿನ ಜಜ್ಜಿಹೋದ ಗಾಡಿಯನ್ನು ಎತ್ತುಗಳಿಂದ ಎಳೆಸಿ ಮಾವನ ಅಂಗಳಕ್ಕೆ ತಂದು ಹಾಕಿದರು. ಮಾವ ಎಲ್ಲಕ್ಕಿಂತ ಮೊದಲು ಆಕ್ಸಲ್ಲಿನ ಮುರಿದ ತುದಿಯನ್ನು ಒರೆಸಿ ಬಿಸಿಲಿಗೆ ಹಿಡಿದ. ಹೊಸದಾಗಿ ಮುರಿದ ಉಕ್ಕು ಸಕ್ಕರೆಯ ಹಾಗೆ ಹೊಳೆಯಬೇಕು. ಇಲ್ಲಿ ಹೊಳಪಿದ್ದದ್ದು ಒಂದು ಮೂಲೆಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು. ಉಳಿದದ್ದೆಲ್ಲ ಕಪ್ಪಾಗಿ, ತುಕ್ಕು ಹಿಡಿದು ನುಣುಪಾಗಿತ್ತು. ಬಿರುಕು ಮೊದಲೇ ಇತ್ತು. ಒಂದು ವರ್ಷ ಸ್ವಲ್ಪ ಸ್ವಲ್ಪವೇ ಬೆಳೆದು, ಕಡೆಗೆ ಆ ಉಗುರಿನಷ್ಟು ಜಾಗದ ಮೇಲೆ ಐದಾರು ಜನರ ಭಾರ ನಿಂತಿತ್ತು.

ಎಡಗಡೆಯದನ್ನೂ ಬಿಚ್ಚಿ ಎಣ್ಣೆಗೆ ಹಾಕಿದ. ಮರುದಿನ ಸುಣ್ಣ ಸವರಿದ. ಹಾಲವ್ವತ್ತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ನೋಡನೋಡುತ್ತ ಆಕ್ಸಲ್ಲಿನ ಕುತ್ತಿಗೆಯ ಸುತ್ತ ಕಪ್ಪು ಗೆರೆ ಮೂಡಿತು.

‘ಇದು ನನ್ನ ಕೆಲಸ’ ಎಂದ ಮಾವ. ‘ಆಂವ ಜೋರ ಹೊಡದಿಲ್ಲ. ನಾ ನೋಡದ ಹಾಕಿದ್ದೆ.’

‘ಹೇಳಿದ್ರ ನಿಮ್ಮನ್ನ ಹಿಡೀತಾರೇನ್ರಿ?’ ಎಂದು ಅತ್ತಿ ಕೇಳಿದಳು.

‘ಹಿಡದ್ರ ಹಿಡೀಲಿ.’

ಪೊಲೀಸ್ ಠಾಣೆಯಲ್ಲಿ ಫೌಜದಾರನಿಗೆ ಇದು ಬೇಕಾಗಿರಲಿಲ್ಲ. ಕಾಗದ ಮುಗಿದಿತ್ತು. ‘ಅರೇ ಮಿಸ್ತ್ರಿ, ಸತ್ತಾಂವ ಸತ್ತ. ನೀ ಯಾಕ ಮೈಮ್ಯಾಲ ಹಾಕ್ಕೋತಿ?’ ಎಂದ. ಮಾವ ಎರಡೂ ಆಕ್ಸಲ್ ಮೇಜಿನ ಮೇಲೆ ಇಟ್ಟು, ಬರೆದುಕೊಳ್ಳುವವರೆಗೂ ಏಳಲಿಲ್ಲ. ಮಧ್ಯಾಹ್ನದ ಮೇಲೆ ಬರೆದುಕೊಂಡರು. ಮಾವ ಸಹಿ ಮಾಡಿ, ಅಲ್ಲಿಂದಲೇ ಕೋವಾಡದ ಬಸ್ಸು ಹಿಡಿದ.

ಲಗಮವ್ವ ಗೋಡೆಗೆ ಒರಗಿ ಕೂತಿದ್ದಳು. ಕೃಷ್ಣಾತ ಹೊರಗೆ ಕುರಿಗಳ ಹತ್ತಿರ ಇದ್ದವನು ಒಳಗೆ ಬಂದು ನಿಂತ. ಮಾವ ಕೂಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಕ್ಸಲ್ಲಿನಲ್ಲಿ ಬಿರುಕಿತ್ತು, ನೋಡುವ ವಿದ್ಯೆ ತನಗೆ ಗೊತ್ತಿತ್ತು, ನೋಡಲಿಲ್ಲ.

ಲಗಮವ್ವ ತಲೆ ಎತ್ತಿ ಕೇಳಿದಳು. ‘ಹಂಗಾರ ಆಂವ ಜೋರ ಹೊಡದಿದ್ದಿಲ್ಲ?’

‘ಇಲ್ಲವ್ವ.’

‘ಕುಡದಿದ್ದಿಲ್ಲ?’

‘ಆಂವ ಹಂಗ ಮಾಡಾಂವ ಅಲ್ಲಂತ ನನಗೂ ಗೊತ್ತೈತಿ, ನಿನಗೂ ಗೊತ್ತೈತಿ.’

‘ನನಗ ಗೊತ್ತಿದ್ದು ಏನ್ಮಾಡೂದ್ರಿ? ಇದನ್ನ ಮಂದ್ಯಾಗ ಹೇಳ್ರಿ.’

ಒಂದು ಸಂತೆ ಬಿಟ್ಟು ಮುಂದಿನ ಸಂತೆಯ ದಿನ ಮಾವ ಮತ್ತೆ ಕೋವಾಡಕ್ಕೆ ಹೋಗಿ, ಬಸ್ಸು ನಿಲ್ಲುವ ಕಟ್ಟೆಯ ಮೇಲೆ ನಿಂತು ಕನ್ನಡದಲ್ಲೂ ಮರಾಠಿಯಲ್ಲೂ ಅದನ್ನೇ ಹೇಳಿದ. ಯಾರೋ ಸಗಣಿ ಎಸೆದರು. ಒರೆಸಿಕೊಳ್ಳದೆ ಮಾತು ಮುಗಿಸಿ ಇಳಿದನಂತೆ. ಇದು ನನಗೆ ಕೃಷ್ಣಾತನಿಂದ ತಿಳಿದದ್ದು. ಮಾವ ಎಂದೂ ಹೇಳಲಿಲ್ಲ.

ಆದರೆ ಆ ಸಂತೆಗೂ ಮೊದಲು ಇನ್ನೊಂದು ಕೆಲಸವಿತ್ತು. ಅದೇ ಉಕ್ಕಿನ ಇನ್ನೆರಡು ಆಕ್ಸಲ್ ಎಲ್ಲೋ ಓಡುತ್ತಿದ್ದವು. ವಕೀಲರು ಆ ಗಾಡಿಯನ್ನು ಮಾರಿ ಎಂಟು ತಿಂಗಳಾಗಿತ್ತು. ಲಗಮವ್ವನ ಮನೆಯಿಂದ ಬಂದ ಮರುದಿನ ಬೆಳಿಗ್ಗೆಯೇ ಮಾವ ಕೊಲ್ಹಾಪುರಕ್ಕೆ ಹೋಗಿ ಗುಂಡುವಿನ ಲೇತ್ ಮುಂದೆ ನಿಂತ.

‘ಯಾವ ಉಕ್ಕು ಅದು, ಗುಂಡು?’

ಗುಂಡು ಯಂತ್ರ ನಿಲ್ಲಿಸಿದ. ‘ಹೊಸಾದು ಎಲ್ಲಿ ಸಿಗತಿತ್ತು? ಒಂದು ಹಳೇ ಗಿರಣಿ ಶಾಫ್ಟ್ ಮೋಡೀನಾಗ, ಗುಜರಿ ಅಂಗಡ್ಯಾಗ ಸಿಕ್ಕಿತ್ತು. ಕಡದು ನಾಲ್ಕು ಮಾಡಿದೆ. ನೀ ಕೇಳಲಿಲ್ಲ, ನಾ ಹೇಳಲಿಲ್ಲ.’

ಹತ್ತಾರು ವರ್ಷ ಗಿರಣಿಯಲ್ಲಿ ತಿರುಗಿ ದಣಿದ ಉಕ್ಕು. ಮಾವ ಬೈಯಲಿಲ್ಲ. ಗುಂಡು ತಾನಾಗಿಯೇ ಅಂಗಡಿ ಮುಚ್ಚಿ ಜೊತೆಗೆ ಬಂದ. ಇಬ್ಬರೂ ಮೋಡಿಯ ಅಂಗಡಿಗಳನ್ನೆಲ್ಲ ಹುಡುಕಿ, ಮಿಲಿಟರಿಯವರು ಬಿಟ್ಟುಹೋದ ಅದೇ ನಮೂನೆಯ ಗಾಡಿಯಿಂದ ಕಂಪನಿಯ ಮೂಲ ಆಕ್ಸಲ್ ಎರಡನ್ನು ಕಳಚಿ ತಂದು, ಪರೀಕ್ಷೆ ಮಾಡಿದರು. ಗೆರೆ ಬರಲಿಲ್ಲ. ವಕೀಲರ ಗಾಡಿ ಮಾರಿಸಿದ ದಲಾಲನನ್ನು ಹುಡುಕಿದಾಗ, ‘ಇಚಲಕರಂಜಿಯ ಮಗ್ಗದ ಸಾವಕಾರ ಒಯ್ದಾನ, ಹೆಸರು ನೆನಪಿಲ್ಲ’ ಎಂದ.

ನಾನು ಮದುವೆಯಾಗಿ ಇಚಲಕರಂಜಿಯಲ್ಲಿದ್ದೆ. ನನ್ನ ಯಜಮಾನರು ಪವರ್‌ಲೂಮಿನಲ್ಲಿ ಮಗ್ಗಗಳ ಉಸ್ತುವಾರಿ ನೋಡುವ ಜಾಬರ್. ಮಾವ ಗೋಣಿಯಲ್ಲಿ ಸುತ್ತಿದ ಎರಡು ಆಕ್ಸಲ್ ಹೆಗಲ ಮೇಲೆ ಹೊತ್ತು ನಮ್ಮ ಬಾಗಿಲಿಗೆ ಬಂದಾಗ ಅವನ ಮುಖ ನೋಡಿ, ಹಾಲವ್ವತ್ತಿಗೆ ಏನೋ ಆಗಿದೆ ಎಂದುಕೊಂಡೆ. ‘ಬಾಳಕ್ಕಾ, ಹಸರ ಬಣ್ಣದ ಹಳೇ ಗಾಡಿ, ಮುಂದ ಬಲಗಡೆ ಮಡ್‌ಗಾರ್ಡ್ ತಗ್ಗ ಬಿದ್ದೈತಿ. ಯಾರದು?’ ಎಂದ. ನೀರು ಕೂಡ ಕುಡಿಯಲಿಲ್ಲ. ನನ್ನ ಯಜಮಾನರಿಗೆ ಗೊತ್ತಿತ್ತು: ಧನಪಾಲ ಶೇಟ್.

ಅವರಿಬ್ಬರ ಹಿಂದೆ ನಾನೂ ಹೋದೆ. ಧನಪಾಲ ಶೇಟ್ ಜೈನರು, ಹದಿನಾರು ಮಗ್ಗಗಳ ಮಾಲೀಕರು. ಗಾಡಿ ತೊಳೆದು ಅಂಗಳದಲ್ಲಿ ನಿಂತಿತ್ತು. ಮರುದಿನ ಮನೆಮಂದಿಯೆಲ್ಲ ಹತ್ತಿರದ ಬಾಹುಬಲಿ ಬೆಟ್ಟಕ್ಕೆ ದರ್ಶನಕ್ಕೆ ಹೊರಡುವವರಿದ್ದರು.

‘ಗಾಡಿ ಛಂದ ಓಡಾಕತ್ತೈತಿ. ಯಾಕ ಬಿಚ್ಚಬೇಕು?’ ಎಂದರು ಶೇಟ್. ‘ಕೆಲಸ ಇಲ್ದಾವ್ರು ಹಿಂಗ ಹೆದರಿಸ್ಕೋತ ಬರತಾರ.’

‘ನಾ ನಿಮ್ಮ ಕಡೆ ಏನೂ ತಗೊಳ್ಳಾಂವ ಅಲ್ಲರಿ. ಆಕ್ಸಲ್ ತಂದೇನಿ. ಒಂದು ದಿನ ಗಾಡಿ ಕೊಡ್ರಿ.’

‘ಪುಕಟ ಯಾರರೆ ಮಾಡ್ತಾರೇನು? ಏನೋ ಐತಿ ಇದ್ರಾಗ.’

ಮಾವ ತಲೆ ತಗ್ಗಿಸಿದ. ‘ಐತ್ರಿ. ಇದರ ಜೋಡಿ ಮಾಡಿಸಿದ್ದ ಎರಡು ಆಕ್ಸಲ್ ಇನ್ನೊಂದು ಗಾಡಿಗೆ ಹಾಕಿದ್ದೆ. ಹೋದವಾರ ಮುರದು ಒಬ್ಬ ಸತ್ತ. ನನ್ನ ಕೈಯಿಂದ ಸತ್ತ.’

ಶೇಟರ ಮುಖ ಕೆಂಪಾಯಿತು. ‘ಅಂದ್ರ ಎಂಟು ತಿಂಗಳ ನನ್ನ ಮಕ್ಕಳು ಇದರಾಗ ಓಡಾಡ್ಯಾರ! ನಿನ್ನನ್ನ ಈಗಿಂದೀಗ ಪೊಲೀಸರಿಗೆ ಕೊಡ್ತೇನಿ.’

‘ಕೊಡ್ರಿ. ಅವರಿಗೂ ಹೇಳಿ ಬಂದೇನಿ. ಮೊದಲ ಇದನ್ನ ಬಿಚ್ಚಾಕ ಬಿಡ್ರಿ.’

ಒಳಗಿನಿಂದ ಶೇಟರ ತಾಯಿ ಹೌಸಾಬಾಯಿ ಬಂದರು. ಸೆರಗು ಸರಿಮಾಡಿಕೊಳ್ಳುತ್ತ ಮಾವನನ್ನೊಮ್ಮೆ, ಗೋಣಿಯನ್ನೊಮ್ಮೆ ನೋಡಿ, ಮಗನಿಗೆ, ‘ಧನ್ಯಾ, ದರ್ಶನ ಮತ್ತೊಂದು ದಿನಾ ಆಗ್ತೈತಿ. ಗಾಡಿ ಕೀಲಿ ಕೊಡು’ ಎಂದರು.

ಮಾವ ಮರುದಿನ ಸೂರ್ಯ ಹುಟ್ಟುವಾಗ ಕೆಲಸ ಹಿಡಿದ. ಜ್ಯಾಕ್ ಏರಿಸಿ, ಗಾಲಿ ತೆಗೆದು, ಬ್ರೇಕಿನ ತಟ್ಟೆಯ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಆಕ್ಸಲ್ ಎಳೆದ. ಎರಡನೆಯದು ಜಗ್ಗದೆ ಬಹಳ ಕಾಡಿತು. ಹೊಸವನ್ನು ಕೂರಿಸಿ, ಬೇರಿಂಗಿಗೆ ಗ್ರೀಸು ತುಂಬಿ, ಕೈಯಿಂದ ಗಾಲಿ ತಿರುಗಿಸಿ ಕಿವಿ ಹಚ್ಚಿ ಕೇಳಿದ. ಬಿಚ್ಚಿದ ಎರಡನ್ನೂ ಶೇಟರ ಒಂದು ಉದ್ದನೆಯ ತಗಡಿನ ತೊಟ್ಟಿಯಲ್ಲಿ ಎಣ್ಣೆಗೆ ಹಾಕಿ, ಸುಣ್ಣಕ್ಕೆ ಮರುದಿನದವರೆಗೆ ಕಾದ.

ಗೆರೆ ಮೂಡಲಿಲ್ಲ. ಒಂದಕ್ಕೂ ಇಲ್ಲ. ಮಾವ ಒರೆಸಿ ಮತ್ತೆ ಸವರಿದ. ಸುಣ್ಣ ಬೆಳ್ಳಗೇ ಇತ್ತು.

‘ಹಂಗಾರ ಇವು ಚಲೋನ ಇದ್ದು’ ಎಂದರು ಶೇಟ್. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ‘ಇಷ್ಟೆಲ್ಲ ಮಾಡಿದ್ದು ದಂಡ?’

‘ಇವತ್ತ ಬಿರುಕಿಲ್ರಿ. ಮುಂದ ಹತ್ತು ವರ್ಷ ಓಡತಿದ್ದುವೋ, ನಾಳೆ ಮುರೀತಿದ್ದುವೋ, ನನಗ ಹೇಳಾಕ ಬರೂದಿಲ್ಲ. ಹೇಳಾಕ ಬರೂದಿಲ್ಲಂದ್ರ ಅದರ ಮ್ಯಾಲ ಮಂದಿ ಕೂಡ್ರಸಬಾರ್ದು.’

ಶೇಟ್ ಆ ಆಕ್ಸಲ್ಲುಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇನೆ ಎಂದರು. ಮಾವ ಕೊಡಲಿಲ್ಲ. ನಮ್ಮ ಮನೆಯ ಹಿತ್ತಿಲಿಗೆ ತಂದು, ಹಾಕ್ಸಾ ಗರಗಸ ಹಿಡಿದು ಕೂತ. ಮೂರು ಬ್ಲೇಡು ಮುರಿದವು. ಸಂಜೆಯವರೆಗೆ ಕೊಯ್ದು ಗೇಣುದ್ದದ ತುಂಡು ಮಾಡಿದ, ಇನ್ನಾರೂ ಇವನ್ನು ಯಾವ ಗಾಡಿಗೂ ಹಾಕಬಾರದೆಂದು. ಅಂಗೈ ಸುಲಿದು ರಕ್ತ ಬಂದಿತ್ತು. ನಾನು ಅರಿಶಿನ ಹಚ್ಚುವಾಗ ಒಮ್ಮೆಲೇ, ‘ಇವಕ್ಕರೆ ಗೆರೆ ಬರಬೇಕಿತ್ತ ಬಾಳಕ್ಕಾ’ ಎಂದ. ಕೈ ಹಿಂದಕ್ಕೆ ಎಳೆದುಕೊಂಡು, ‘ಎಂಥಾ ಮಾತು ಬಂತ ನೋಡು ನನ್ನ ಬಾಯಾಗ’ ಎಂದು ಮುಖ ತಿರುಗಿಸಿ ಅತ್ತ.

ಮಾವನನ್ನು ಯಾರೂ ಹಿಡಿದುಕೊಂಡು ಹೋಗಲಿಲ್ಲ. ಮೂರು ಸಲ ಕರೆಸಿ ಕೇಳಿದರು. ಆರು ತಿಂಗಳ ಮೇಲೆ, ಚಾಲಕನ ತಪ್ಪಿಲ್ಲ, ಯಂತ್ರದ ದೋಷ ಎಂದು ಬರೆದು ಮುಗಿಸಿದರು. ಆದರೆ ತಾತ್ಯಾಸಾಹೇಬರಂಥವರು ಅವನ ಹತ್ತಿರ ಗಾಡಿ ಬಿಡುವುದನ್ನು ನಿಲ್ಲಿಸಿದರು. ಎರಡು ಮೂರು ವರ್ಷ ಅವನು ಎತ್ತರದ ಹೊಲಗಳಿಗೆ ನೀರೆತ್ತುವ ಆಯಿಲ್ ಎಂಜಿನ್ನು, ಹಿಟ್ಟಿನ ಗಿರಣಿ ಎಂದು ಹಳ್ಳಿ ತಿರುಗಿದ. ಆಮೇಲೆ ಕೆಲವರು ಬಂದರು, ಕೆಲವರು ಬರಲೇ ಇಲ್ಲ.

ಅರವತ್ತೇಳರ ಬೇಸಿಗೆಯಲ್ಲಿ ನಾನು ಗಡಹಿಂಗ್ಲಜದಲ್ಲಿ ಚಂದಗಡದ ಬಸ್ಸಿಗೆ ಕಾಯುತ್ತಿದ್ದಾಗ ಲಗಮವ್ವ ನನ್ನ ಗುರುತು ಹಿಡಿದು ಪಕ್ಕದಲ್ಲಿ ಬಂದು ಕೂತಳು. ದೊಡ್ಡ ಮಗಳಿಗೆ ಗಂಡು ಗೊತ್ತಾಗಿತ್ತು. ‘ಕುಡಕನ ಮಗಳು ಅಂತ ಯಾರೂ ಅನ್ನಲಿಲ್ಲ’ ಎಂದಳು. ಕೇಳಬಾರದ ಮಾತು, ನಾನು ಕೇಳಿಬಿಟ್ಟೆ: ‘ನಮ್ಮ ಮಾವನ ಮ್ಯಾಲ ಸಿಟ್ಟು ಹೋತೇನವ್ವ?’

ಅವಳು ಕಂಬಳಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

‘ಸಿಟ್ಟು ಹೋಗಿಲ್ಲ ತಂಗಿ. ಹೆಂಗ ಹೋಗ್ತೈತಿ? ಆದ್ರ ಲಗ್ನಕ್ಕ ಕರದೇನಿ. ಬರ್ಲಿ.’

ಮಾವ ಹೋದ. ಮಂಟಪದ ಹೊರಗೆ, ಊಟಕ್ಕೆ ಬಂದವರಿಗೆ ಮೂರು ತಾಸು ನೀರು ಬಡಿಸಿದ. ಲಗಮವ್ವ ಅವನ ಹತ್ತಿರ ಬರಲಿಲ್ಲ, ಸಾಕು ಎನ್ನಲೂ ಇಲ್ಲ.