ಯಂತ್ರಕ್ಕೆ ಕಂಡ ಕೈ

ನಾನು ದೆವ್ವ, ಮಾಟ, ಶಾಪ ಯಾವುದನ್ನೂ ನಂಬಿದವನಲ್ಲ. ಓದಿದ್ದು ಐಟಿಐ, ಮಾಡಿದ್ದು ಎಲೆಕ್ಟ್ರಿಷಿಯನ್ ಕೆಲಸ. ದೀಪ ತಾನಾಗಿ ಹೊತ್ತಿಕೊಂಡಿತು, ಮೋಟಾರು ತಾನಾಗಿ ತಿರುಗಿತು ಎಂದು ಯಾರಾದರೂ ಹೆದರಿ ಕರೆಸಿದರೆ, ಹೋಗಿ ಇಲಿ ಕಡಿದ ವೈರನ್ನು ಹುಡುಕಿ ತೋರಿಸಿ, ನಕ್ಕು ಬರುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೆ ಆಗಲೂ ನಗುತ್ತಿದ್ದೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬಾಳ್ಳುಪೇಟೆಯಿಂದ ಸ್ವಲ್ಪ ಒಳಗೆ, ಹೆದ್ದಾರಿಯ ಲಾರಿಗಳ ಸದ್ದು ಕೇಳುವಷ್ಟು ದೂರದಲ್ಲಿ, ಕಿತ್ತಳೆ ಶರಬತ್ತನ್ನು ಬಾಟಲಿಗೆ ತುಂಬುವ ಒಂದು ಸಣ್ಣ ಕಾರ್ಖಾನೆ ಇತ್ತು. ಮಾಲೀಕರು ರುದ್ರೇಶಪ್ಪ ಎಂಬುವರು. ಆನೇಮಹಲ್ ಬಳಿ ಅವರ ಮನೆ. ಮೊದಲಿನಿಂದಲೂ ವ್ಯಾಪಾರದ ಕುಟುಂಬ. ನಾವೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದೆವು. ಅಲ್ಲಿನ ಯಂತ್ರ, ಜನರೇಟರು, ಪಂಪು ಎಲ್ಲ ನನ್ನ ಉಸ್ತುವಾರಿ.

ತುಂಬುವ ಯಂತ್ರ ಗುಜರಾತಿನ ಕಡೆಯಿಂದ ಬಂದದ್ದು. ಖಾಲಿ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ, ಕೊಳವೆಯಿಂದ ಶರಬತ್ತು ಬೀಳುತ್ತದೆ, ಮುಂದಕ್ಕೆ ಹೋದಾಗ ಮೇಲಿನಿಂದ ಉಕ್ಕಿನ ತಲೆ ಇಳಿದು ಮುಚ್ಚಳ ಒತ್ತುತ್ತದೆ. ಆ ತಲೆಯ ಎಡಬಲಕ್ಕೆ ಎರಡು ಗಿಡ್ಡ ಕಂಬ. ಒಂದರಿಂದ ಬೆಳಕು ಹೊರಟು ಇನ್ನೊಂದಕ್ಕೆ ತಲುಪುತ್ತದೆ. ಬಾಟಲಿಗಳು ಆ ಬೆಳಕಿನ ಕೆಳಗೆ ಹಾದುಹೋಗುತ್ತವೆ. ಆದರೆ ಯಾರಾದರೂ ಕೈ ಹಾಕಿದರೆ ಬೆಳಕು ತುಂಡಾಗಿ, ಯಂತ್ರ ಆ ಕ್ಷಣ ನಿಂತು, ಮೇಲೆ ಕೆಂಪು ದೀಪ ಹೊತ್ತುತ್ತದೆ. ಕೈ ತೆಗೆದು ಗುಂಡಿ ಒತ್ತಿದರೆ ಹಸಿರು. ಕೆಲಸದ ಹೆಂಗಸರು ಅದನ್ನು 'ಕಣ್ಣು' ಎನ್ನುತ್ತಿದ್ದರು.

ಮಳೆಗಾಲ ಬಂದಾಗ ತೊಂದರೆ ಶುರುವಾಯಿತು. ಮಂಜು ಒಳಗೆ ಬಂದು ಆ ಕಣ್ಣಿನ ಗಾಜಿನ ಮೇಲೆ ಕೂರುತ್ತಿತ್ತು. ಮಂಜನ್ನೂ ಕೈ ಎಂದುಕೊಂಡು ಯಂತ್ರ ನಿಲ್ಲುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ನಾನು ಬಟ್ಟೆ ಹಿಡಿದು ಗಾಜು ಒರೆಸಬೇಕು. ಒಂದು ದಿನ ಸಾವ್ಕಾರ್ರು ನನ್ನನ್ನು ಪಕ್ಕಕ್ಕೆ ಕರೆದರು.

"ಅದುನ್ನ ಶಾರ್ಟ್ ಮಾಡಿ ಬುಡು ಮಾರಾಯ. ಕಣ್ಣಿಲ್ದಿದ್ರೆ ಯಂತ್ರ ಓಡಲ್ವೇನೋ?"

"ಓಡ್ತದೆ ಸಾವ್ಕಾರ್ರೇ. ಆದ್ರೆ ಯಾರಾದ್ರೂ ಕೈ ಇಟ್ರೆ..."

"ಯಾಕ್ ಇಡ್ತಾರೆ? ಅವ್ರಿಗೇನು ಬುದ್ಧಿ ಇಲ್ವಾ?"

ಯಂತ್ರದ ಕರೆಂಟಿನ ಪೆಟ್ಟಿಗೆ ತೆರೆದು, ಕಣ್ಣಿನಿಂದ ಬರುವ ಎರಡು ವೈರುಗಳ ನಡುವೆ ಗೇಣುದ್ದದ ವೈರಿನ ತುಂಡು ಹಾಕಿದೆ. ಐದು ನಿಮಿಷದ ಕೆಲಸ. ಅಂದಿನಿಂದ ಕಣ್ಣು ಕುರುಡಾಯಿತು, ಹಸಿರು ದೀಪ ಸದಾ ಉರಿಯತೊಡಗಿತು. ಹೆಂಗಸರಿಗೆ ನಾನು ಹೇಳಲಿಲ್ಲ. ಹೇಳಬೇಕಿತ್ತು.

ಮುಚ್ಚಳ ಒತ್ತುವ ಜಾಗದಲ್ಲಿ ನಿಲ್ಲುತ್ತಿದ್ದವಳು ಗಿರಿಜಾ. ಕೆ. ಹೊಸಕೋಟೆ ಕಡೆಯವಳು, ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಇದ್ದಳು. ಚಿಕ್ಕಂದಿನಿಂದ ಕಾಫಿ ಕುಯ್ದು, ಮೆಣಸು ಬಿಡಿಸಿ ಪಳಗಿದ ಬೆರಳುಗಳು. ಓರೆಯಾದ ಬಾಟಲಿಯನ್ನು ನೆಟ್ಟಗೆ ಮಾಡುವುದು ಅವಳ ಕೆಲಸ. ಕೈ ಹಾಕಿದರೆ ಯಂತ್ರ ನಿಲ್ಲುತ್ತದೆ ಎಂದು ನಾವೇ ಅವಳಿಗೆ ಕಲಿಸಿದ್ದೆವು. ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಬಾಟಲಿ ಓರೆಯಾಯಿತು. ಅವಳು ಎಂದಿನಂತೆ ಕೈ ಹಾಕಿದಳು. ಯಂತ್ರ ನಿಲ್ಲಲಿಲ್ಲ. ಬಲಗೈಯ ನಾಲ್ಕು ಬೆರಳು ಹೋದವು.

ಅವಳನ್ನು ಜೀಪಿನಲ್ಲಿ ಹಾಸನಕ್ಕೆ ಕಳಿಸಿದ ಮೇಲೆ ಸಾವ್ಕಾರ್ರು ಮಾಡಿಸಿದ ಮೊದಲ ಕೆಲಸ, ಆ ವೈರಿನ ತುಂಡನ್ನು ತೆಗೆಸಿದ್ದು. ತೆಗೆದವನೂ ನಾನೇ. ಎರಡು ದಿನದ ನಂತರ ತನಿಖೆಗೆ ಹಾಸನದಿಂದ ಕಾರ್ಖಾನೆ ಇಲಾಖೆಯ ಅಧಿಕಾರಿ ಬಂದರು. ನನ್ನ ಕೈಯನ್ನೇ ಬೆಳಕಿಗೆ ಅಡ್ಡ ಹಿಡಿದು ತೋರಿಸಿದೆ. ಯಂತ್ರ ಥಟ್ಟನೆ ನಿಂತಿತು. "ಯಾವತ್ತೂ ಹಿಂಗೇ ಕೆಲಸ ಮಾಡ್ತಿತ್ತಾ?" ಎಂದು ಕೇಳಿದರು. ಹೌದು ಎಂದೆ. ಅವಳು ತೂಕಡಿಸುತ್ತಾ, ಬೆಳಕಿಗೆ ಸಿಗದಂತೆ ಕಂಬದ ಆಚೆಯಿಂದ ಕೈ ತೂರಿಸಿದಳು ಎಂದು ಸಾವ್ಕಾರ್ರು ಹೇಳಿದರು. ಅಧಿಕಾರಿ ಹಾಗೆಯೇ ಬರೆದುಕೊಂಡರು. ಕೆಳಗೆ ಸಾಕ್ಷಿಯಾಗಿ ರುಜು ಹಾಕಿದೆ.

ಆ ತೂಕಡಿಕೆಯ ಮಾತು ವಾರದೊಳಗೆ ಆಲೂರಿನವರೆಗೂ ಹೋಯಿತು. ರಾತ್ರಿಯೆಲ್ಲ ಎಲ್ಲಿದ್ದಳೋ, ಹಗಲು ನಿದ್ದೆ ಮಾಡುತ್ತಿದ್ದಳು ಎಂದು ಬಸ್ಸಿನಲ್ಲಿ ಜನ ಆಡಿಕೊಳ್ಳುವುದನ್ನು ನಾನೇ ಕೇಳಿದೆ.

ಆಸ್ಪತ್ರೆಗೆ ನೋಡಲು ಹೋದೆ. ಅವಳು ಅಳಲಿಲ್ಲ. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ನಾನು ನಿದ್ದೆ ಮಾಡ್ತಿದ್ನಾ ಅಣ್ಣ?"

ನಾನು ಕಿಟಕಿಯ ಕಡೆ ತಿರುಗಿದೆ.

"ಬೆರಳು ಹೋಗ್ಲಿ. ಆ ಮಾತು ಯಾಕ್ ಹೇಳಿದ್ರಿ? ನಾನು ಬುಡಲ್ಲ ಕಣಣ್ಣ. ಅವ್ನನ್ನೂ ಬುಡಲ್ಲ, ನಿನ್ನನ್ನೂ ಬುಡಲ್ಲ."

ಪಕ್ಕದಲ್ಲಿದ್ದ ಅವಳ ತಾಯಿ "ಸುಮ್ಕಿರವ್ವ" ಎಂದರು. ತಂದಿದ್ದ ಬ್ರೆಡ್ಡು ಮೇಜಿನ ಮೇಲಿಟ್ಟು ಬಂದುಬಿಟ್ಟೆ.

ಯಂತ್ರ ತಂಟೆ ತೆಗೆದದ್ದು ಆ ನಂತರವೇ. ನಾನು ಅಂಗಳ ದಾಟಿ ಯಂತ್ರದ ಕೋಣೆಗೆ ಕಾಲಿಟ್ಟರೆ ಸಾಕು, ಬೆಲ್ಟು ನಿಂತು ಕೆಂಪು ದೀಪ ಹೊತ್ತುತ್ತಿತ್ತು. ಮಳೆಗಾಲ ಮುಗಿದಿತ್ತು, ಮಂಜಿರಲಿಲ್ಲ. ಗಾಜು ಒರೆಸಿದೆ, ವೈರು ಬದಲಿಸಿದೆ, ಕರೆಂಟು ಕಡಿಯುವ ರಿಲೇ ಬದಲಿಸಿದೆ. ಬೆಂಗಳೂರಿನಿಂದ ಎಂಜಿನಿಯರು ಬಂದು ಹೊಸ ಕಣ್ಣನ್ನೇ ಕೂರಿಸಿದರು. ಅವರು ಒಬ್ಬರೇ ಒಳಗಿದ್ದಾಗ ಮೂರು ಗಂಟೆ ಚೆನ್ನಾಗಿ ಓಡಿತು. ಅವರು ನನ್ನನ್ನು ಕರೆದು "ನೋಡಿ, ಏನೂ ತೊಂದರೆ ಇಲ್ಲ" ಎನ್ನುವಷ್ಟರಲ್ಲಿ ಕೆಂಪಾಯಿತು.

ಇದನ್ನು ಮೊದಲು ಬಾಯಿಬಿಟ್ಟು ಹೇಳಿದವರು ಲಿಲ್ಲಿ ಬಾಯಿ. ಹೆಂಗಸರ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯಾಕೆ, ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆತನದವರು.

"ನಿಮ್ಗೆ ಗೊತ್ತಾಗುದಿಲ್ವ ಮಾರಾಯ್ರೆ? ನಾವು ಮಾತ್ರ ಇದ್ರೆ ಓಡ್ತದೆ. ನೀವು ಬಂದ್ರೆ ನಿಲ್ತದೆ, ಸಾವ್ಕಾರ್ರು ಬಂದ್ರೆ ನಿಲ್ತದೆ. ನಿಮ್ಮಿಬ್ರನ್ನು ಬಿಟ್ಟು ಬೇರೆ ಯಾರಿಗೂ ಇಲ್ಲ."

ನಾನು ನಕ್ಕೆ. ಆದರೆ ಅಂದಿನಿಂದ ಗಮನಿಸತೊಡಗಿದೆ. ನನ್ನ ಬೂಟಿನ ಮೊಳೆ ಇರಬಹುದೆಂದು ಬರಿಗಾಲಲ್ಲಿ ಹೋದೆ. ಸಾವ್ಕಾರ್ರ ಬಿಳಿ ಅಂಗಿಯಿಂದ ಬೆಳಕು ಮರಳುತ್ತದೇನೋ ಎಂದು ಅವರಿಗೆ ನೀಲಿ ಅಂಗಿ ತೊಡಿಸಿದೆ. ಗೋಡೆಯ ಹಿಂದೆ, ಯಂತ್ರಕ್ಕೆ ಕಾಣದ ಕಡೆಯಿಂದ ಒಳಗೆ ಬಂದು ನೋಡಿದೆ. ಯಾವುದೂ ಫಲಿಸಲಿಲ್ಲ. ಹೊಸ್ತಿಲ ಆಚೆ ಹಸಿರು, ಈಚೆ ಕೆಂಪು.

ಸಾವ್ಕಾರ್ರಿಗೆ ರೇಗಿತು. ಒಂದು ಶುಕ್ರವಾರ ಮಧ್ಯಾಹ್ನ, ಹೆಂಗಸರೆಲ್ಲ ಊಟ ಮುಗಿಸಿ ಬಂದು ನಿಂತಿದ್ದಾಗ, ಸ್ಪ್ಯಾನರ್ ತರಿಸಿಕೊಂಡು ಅವರೇ ಆ ಎರಡು ಕಂಬಗಳನ್ನು ಕಿತ್ತು ನೆಲಕ್ಕೆ ಎಸೆದರು. ಪೆಟ್ಟಿಗೆ ತೆರೆದು ವೈರುಗಳನ್ನು ತಾವೇ ಹೊಸೆದು ಜೋಡಿಸಿದರು. ನಾನು ಮೀಟರು ಹಿಡಿದು ನೋಡಿದೆ. ಜೋಡಣೆ ಸರಿಯಾಗಿತ್ತು. ಇನ್ನು ಯಂತ್ರಕ್ಕೆ ಕೈ ಕಾಣಲು ಕಣ್ಣೇ ಇರಲಿಲ್ಲ.

ಸಾವ್ಕಾರ್ರು ಗುಂಡಿ ಒತ್ತಿದರು. ಬೆಲ್ಟು ಒಂದು ಮೊಳ ಚಲಿಸಿತು. ಮೂರು ಬಾಟಲಿ ಮುಂದೆ ಬಂದವು. ನಿಂತಿತು. ಕೆಂಪು.

ಮತ್ತೆ ಒತ್ತಿದರು. ಮತ್ತೆ ಕೆಂಪು. ಮೂರನೆಯ ಸಲ, ನಾಲ್ಕನೆಯ ಸಲ. ಅವರ ಕತ್ತಿನ ನರ ಉಬ್ಬಿತ್ತು. ಆ ಖಾಲಿ ಜಾಗವನ್ನೇ, ಬಾಟಲಿಗಳ ಮೇಲಿನ ಗಾಳಿಯನ್ನೇ ನೋಡುತ್ತಾ, ಇದ್ದಕ್ಕಿದ್ದಂತೆ ಕೂಗಿದರು:

"ಕೈ ತೆಗಿಯೇ! ತೆಗಿಯೇ ಅಂದ್ರೆ!"

ಯಾರಿಗೆ ಹೇಳಿದರೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಅವರಿಗೂ ತಿಳಿಯಿತು. ಸ್ಪ್ಯಾನರ್ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ಅವರ ಹಿಂದೆಯೇ ನಾನೂ ಹೊರಗೆ ಬಂದೆ. ಒಳಗೆ ಲಿಲ್ಲಿ ಬಾಯಿ ಗುಂಡಿ ಒತ್ತಿರಬೇಕು, ಬಾಟಲಿಗಳ ಕಿಣಿಕಿಣಿ ಕೇಳಿಸಿತು. ಆ ಕಂಬಗಳನ್ನು ಮತ್ತೆ ಕೂರಿಸುವವರೆಗೆ ಯಂತ್ರ ಮುಟ್ಟಬೇಡಿ ಎಂದು ಬಾಗಿಲಿನಿಂದಲೇ ಹೇಳಿ ನಿಲ್ಲಿಸಿದೆ. ಆ ಸಂಜೆ ಎಲ್ಲರೂ ಹೋದ ಮೇಲೆ, ಕರೆಂಟು ತೆಗೆದು, ಕಂಬಗಳನ್ನು ಕೂರಿಸಿದೆ. ಸಾವ್ಕಾರ್ರು ಹೊಸೆದಿದ್ದ ವೈರುಗಳನ್ನು ಬಿಡಿಸಿ ಮೊದಲಿನಂತೆ ಜೋಡಿಸಿದೆ.

ಮರುದಿನ ಶನಿವಾರ ಹಾಸನಕ್ಕೆ ಹೋದೆ. ಅಧಿಕಾರಿಯ ಮುಂದೆ ಕುಳಿತು ಎಲ್ಲವನ್ನೂ ಬರೆದುಕೊಟ್ಟೆ: ವೈರು ಹಾಕಿದ್ದು ನಾನು, ತೆಗೆದದ್ದು ನಾನು, ಸುಳ್ಳು ಹೇಳಿದ್ದು ನಾನು, ಅವಳು ನಿದ್ದೆ ಮಾಡುತ್ತಿರಲಿಲ್ಲ. ಹೆದರಿಕೆಯಿಂದ ಬರೆದೆನೋ, ನಾಚಿಕೆಯಿಂದ ಬರೆದೆನೋ, ಈಗಲೂ ಗೊತ್ತಿಲ್ಲ. ಪುಣ್ಯವಂತನೆಂದು ತಿಳಿಯಬೇಡಿ.

ಸೋಮವಾರ ನನ್ನ ಸಾಮಾನು ತೆಗೆದುಕೊಂಡು ಬರಲು ಕಾರ್ಖಾನೆಗೆ ಹೋದೆ. ಹನ್ನೊಂದು ಗಂಟೆ ಇರಬಹುದು. ಯಂತ್ರ ಓಡುತ್ತಿತ್ತು. ಹೊಸ್ತಿಲಲ್ಲಿ ಸ್ವಲ್ಪ ನಿಂತು, ಕಣ್ಣು ಮುಚ್ಚಿ ಒಳಗೆ ಕಾಲಿಟ್ಟೆ. ಸದ್ದು ನಿಲ್ಲಲಿಲ್ಲ. ಕಣ್ಣು ಬಿಟ್ಟರೆ ಹಸಿರು. ಯಂತ್ರದ ಹತ್ತಿರ ಹೋದೆ, ಸುತ್ತ ಒಂದು ಸುತ್ತು ಬಂದೆ. ಹಸಿರು. ಲಿಲ್ಲಿ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಅಷ್ಟರಲ್ಲಿ ನನ್ನನ್ನು ಹೊರಗೆ ಅಟ್ಟಲು ಸಾವ್ಕಾರ್ರು ಬಾಗಿಲಿಗೆ ಬಂದರು. ಅವರ ಬಲಗಾಲು ಒಳಗೆ ಬಂತು, ಯಂತ್ರ ನಿಂತಿತು. ಅವರು ಕಾಲನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊರಗೆ ನಿಂತೇ "ನಾಳೆಯಿಂದ ಬರ್ಬೇಡ" ಎಂದರು.

ಮುಂದಿನ ಭಾನುವಾರ ಕೆ. ಹೊಸಕೋಟೆಗೆ ಹೋಗಿ ಗಿರಿಜಾಳ ಮನೆ ಹುಡುಕಿದೆ. ಅವಳು ಎಡಗೈಯಿಂದ ರಾಗಿ ಕೇರಲು ಅಭ್ಯಾಸ ಮಾಡುತ್ತಿದ್ದಳು. ಅರ್ಧ ನೆಲಕ್ಕೆ ಬೀಳುತ್ತಿತ್ತು. ಬರೆದುಕೊಟ್ಟ ವಿಷಯ ಹೇಳಿದೆ. ಸರಿ ಎನ್ನುವಂತೆ ತಲೆಯಾಡಿಸಿದಳಷ್ಟೆ. ಯಂತ್ರದ ವಿಷಯ ನಾನು ಎತ್ತಿರಲೇ ಇಲ್ಲ. ಅವಳೇ ಹೇಳಿದಳು:

"ಇಲ್ದಿರೋ ಬೆರಳು ಇನ್ನೂ ಇದ್ದಂಗೇ ಅನ್ನಿಸ್ತದೆ ಅಣ್ಣ. ಡಾಕ್ಟ್ರು ಎಲ್ಲಾರ್ಗೂ ಹಂಗೇ ಅಂದ್ರು. ಆದ್ರೆ ನಂಗೆ ಹಗಲೊತ್ನಲ್ಲಿ ತಣ್ಣಗೆ ಗಾಳಿ ಹೊಡೀತದೆ, ಬೆಲ್ಟಿನ ಗಾಳಿ. ಬಾಟ್ಲಿ ಮೇಲೆ ಚಾಚಿ ಹಿಡ್ದಂಗೆ. ಒಂದೊಂದ್ ಸಲ ತೋಳೇ ಸೋತು ಹೋಗ್ತದೆ."

"ಯಾವಾಗ್ಲೂನಾ?"

"ನೀವಿಬ್ರು ಬಂದಾಗ. ಹೆಂಗೋ ಗೊತ್ತಾಗ್ತದೆ. ಸೋಮವಾರ ಹನ್ನೊಂದ್ ಗಂಟೆನಾಗೆ ನೀನು ಬಂದೆ. ನಿಜ ಹೇಳ್ಬುಟ್ಟಿದ್ದೀಯ ಅನ್ನಿಸ್ತು, ನಾನು ಕೈ ತೆಗೆದ್ಬುಟ್ಟೆ."

ನಾನು ಸೋಮವಾರ ಅಲ್ಲಿಗೆ ಹೋಗಿದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ ಎಂದು ಅವಳ ತಾಯಿಯೂ ಆಣೆ ಮಾಡಿದರು, ಆಮೇಲೆ ಕೇಳಿದಾಗ ಲಿಲ್ಲಿ ಬಾಯಿಯೂ ಹೇಳಿದರು.

"ಸಾವ್ಕಾರ್ರು?" ಎಂದೆ.

"ನಾನು ನಿದ್ದೆ ಮಾಡ್ತಿರ್ಲಿಲ್ಲ ಅಂತ ನಾಕ್ ಜನದ್ ಮುಂದೆ ಅವ್ನ ಬಾಯಲ್ಲೇ ಹೇಳ್ಲಿ. ತೆಗೀತೀನಿ. ಅಲ್ಲೀಗಂಟ ನನ್ ತೋಳು ಬಿದ್ದೋದ್ರೂ ತೆಗೆಯಲ್ಲ." ಹೇಳುವಾಗ ಅವಳ ಮುಖದಲ್ಲಿ ನೋವಿರಲಿಲ್ಲ. ಸಂತೋಷವೇ ಇತ್ತು ಎಂದರೆ ತಪ್ಪಾಗಲಾರದು.

ಆ ಮಾತನ್ನು ಆನೇಮಹಲ್‌ಗೆ ಹೋಗಿ ಸಾವ್ಕಾರ್ರಿಗೆ ಹೇಳಿದೆ. ಜಗಲಿಯ ಮೇಲೆ ಕೂತಿದ್ದರು, ಸೊರಗಿದ್ದರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. "ಒಬ್ಳು ಕೆಲಸದವಳಿಗೋಸ್ಕರ, ನಾಕ್ ಜನದ್ ಮುಂದೆ?" ಎಂದರು. ಆಮೇಲೆ ಎದ್ದು ಒಳಗೆ ಹೋದರು.

ತನಿಖೆ ಮತ್ತೆ ನಡೆಯಿತು; ಗಿರಿಜಾಳಿಗೆ ನ್ಯಾಯವಾಗಿ ಸಿಗಬೇಕಾದ ಪರಿಹಾರದ ಹಣ ಸಿಕ್ಕಿತು. ಆದರೆ ಸಾವ್ಕಾರ್ರು ಆ ಒಂದು ಮಾತನ್ನು ಹೇಳಲಿಲ್ಲ. ಸುಮಾರು ಒಂದು ವರ್ಷ ತಮ್ಮ ಕಾರ್ಖಾನೆಯ ಒಳಗೆ ತಾವೇ ಕಾಲಿಡದೆ, ಹೊರಗಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕೊನೆಗೆ ಎಲ್ಲವನ್ನೂ ಮಾರಿದರು. ಯಂತ್ರವನ್ನು ಕೊಂಡವರು ತುಮಕೂರಿನ ಕಡೆಯವರು. ಎರಡು ಸಲ ಫೋನು ಮಾಡಿ ವಿಚಾರಿಸಿದ್ದೇನೆ. ಒಂದು ದಿನವೂ ತೊಂದರೆ ಕೊಟ್ಟಿಲ್ಲವಂತೆ.

ಬೆಳಕು ಒಂದು ವಸ್ತುವಿಗೆ ತಗುಲಿದರೆ ಮಾತ್ರ ತುಂಡಾಗುತ್ತದೆ ಎಂದು ಕಲಿತವನು ನಾನು. ಇಲ್ಲದ ಬೆರಳು ಬೆಳಕನ್ನು ಹೇಗೆ ತಡೆಯಿತು, ಬೆಳಕೇ ಇಲ್ಲದ ದಿನ ಆ ದೀಪ ಯಾಕೆ ಕೆಂಪಾಯಿತು, ಎಷ್ಟು ಸಲ ಆ ಪೆಟ್ಟಿಗೆಯ ನಕ್ಷೆ ಬರೆದು ನೋಡಿದರೂ ನನಗೆ ಉತ್ತರ ಸಿಕ್ಕಿಲ್ಲ. ಇನ್ನೊಂದೂ ನನಗೆ ತಿಳಿಯದು: ಕಟ್ಟಿದ ಕಾರ್ಖಾನೆಯನ್ನೇ ಬಿಟ್ಟುಕೊಟ್ಟ ಮನುಷ್ಯನಿಗೆ, ಅವಳು ಎಚ್ಚರವಾಗಿದ್ದಳು ಎಂಬ ಎರಡು ಪದ ಹೇಳುವುದು ಯಾಕೆ ಆಗಲಿಲ್ಲ?